ಹಾಜರಿ ಹಾಳೆಯಲ್ಲಿದ್ದ ಸಹಿ

ಗಾಳಿ ವಿದ್ಯುತ್ ಯೋಜನೆಗಳಲ್ಲಿ ‘ಸೋಷಿಯಲ್’ ಎಂದರೆ ಯಾರಾದರೂ ರಸ್ತೆಗೆ ಅಡ್ಡ ನಿಂತಾಗ ಕರೆಸುವ ಮನುಷ್ಯ. ಉಳಿದ ದಿನಗಳಲ್ಲಿ ಆತ ವರದಿಯ ಒಂದು ಅಧ್ಯಾಯ, ಅಷ್ಟೇ. ಜೂನ್ ತಿಂಗಳ ಒಂದು ಬೆಳಿಗ್ಗೆ ರೋಣದ ಕಡೆಯಿಂದ ಸೈಟ್ ಇನ್‌ಚಾರ್ಜ್ ಫೋನ್ ಮಾಡಿದಾಗ ನಾನು ಹುಬ್ಬಳ್ಳಿಯಲ್ಲಿ ನಮ್ಮ ಸಲಹಾ ಸಂಸ್ಥೆಯ ಕಚೇರಿಯಲ್ಲಿ ಅದೇ ಯೋಜನೆಯ ಇಎಸ್‌ಐಎ, ಅಂದರೆ ಪರಿಸರ ಮತ್ತು ಸಾಮಾಜಿಕ ಪರಿಣಾಮದ ಅಂದಾಜು ವರದಿ, ತಿದ್ದುತ್ತಿದ್ದೆ. ವರದಿ ಇನ್ನೂ ಡ್ರಾಫ್ಟ್ ಆಗಿತ್ತು, ರಸ್ತೆ ಮಾತ್ರ ಆಗಲೇ ಫೈನಲ್ ಆಗಿತ್ತು. ಈ ಕ್ಷೇತ್ರದಲ್ಲಿ ಇದಕ್ಕೆ ಯಾರೂ ಆಶ್ಚರ್ಯಪಡುವುದಿಲ್ಲ. ಪರಿಣಾಮದ ಅಂದಾಜು ಮುಗಿಯುವಷ್ಟರಲ್ಲಿ ಪರಿಣಾಮವೇ ಶುರುವಾಗಿರುತ್ತದೆ.

ನಾನು ತಲುಪಿದಾಗ ಟವರ್ ಸೆಕ್ಷನ್ ಹೊತ್ತ ಟ್ರೇಲರ್ ಹೊಸ ಗರಸಿನ ರಸ್ತೆಯ ಮೇಲೆ ನಿಂತಿತ್ತು. ಅದರ ಮುಂದೆ ಗುದ್ದಲಿ ಹಿಡಿದ ಒಬ್ಬ ರೈತ, ಅವರ ಹಿಂದೆ ಹತ್ತಾರು ಜನ. ಹಿಂದಿನ ರಾತ್ರಿ ಮೃಗಶಿರಾ ಮಳೆ ಚೆನ್ನಾಗಿ ಹೊಡೆದಿತ್ತು. ರಸ್ತೆಯ ಒಂದು ಬದಿಯ ಹೊಲ ಕೆರೆಯಾಗಿತ್ತು. ರೋಹಿಣಿಗೆ ಬಿತ್ತಿದ ಹೆಸರು ನೀರಿನಡಿಯಲ್ಲಿ ಮಲಗಿತ್ತು. ಎರೆಭೂಮಿಯಲ್ಲಿ ನೀರು ಮೊದಲೇ ಬೇಗ ಇಂಗುವುದಿಲ್ಲ. ಅದಕ್ಕೇ ಅಲ್ಲಿಯ ಹೊಲಗಳ ಒಡ್ಡುಗಳಿಗೆ ಹೆಚ್ಚಾದ ನೀರು ಹರಿದುಹೋಗಲು ಜಾಗ ಬಿಟ್ಟಿರುತ್ತಾರೆ. ಕ್ರೇನ್ ತೂಕ ತಡೆಯಲೆಂದು ಎತ್ತರಿಸಿ ಗಟ್ಟಿ ಮಾಡಿದ ನಮ್ಮ ರಸ್ತೆ ಆ ಜಾಗದ ಬಾಯಿಗೇ ಅಡ್ಡ ಹಾಯ್ದಿತ್ತು. ಕೆಳಗೆ ಒಂದು ಪೈಪು ಕೂಡ ಇರಲಿಲ್ಲ.

“ನೀವೇ ಮಾತನಾಡಿ, ಅದು ನಿಮ್ಮ ಸಬ್ಜೆಕ್ಟ್” ಎಂದು ಇನ್‌ಚಾರ್ಜ್ ಜೀಪಿನ ಆಚೆ ಬದಿಗೆ ಸರಿದರು. ಗುತ್ತಿಗೆದಾರನ ಸೂಪರ್‌ವೈಸರ್ ಆಗಲೇ ಪೊಲೀಸರಿಗೆ ಫೋನ್ ಮಾಡಿದ್ದನೆಂದು ತಿಳಿದು ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಪೊಲೀಸ್ ಜೀಪು ಬರುವ ಮೊದಲು ಏನಾದರೂ ಆಗಬೇಕಿತ್ತು. ನಾನು ಕುಂದುಕೊರತೆ ಅರ್ಜಿಯ ನಮೂನೆ, ಬೆಳೆ ಪರಿಹಾರ, ಪಂಚನಾಮೆ ಎಂದೆಲ್ಲ ಶುರು ಮಾಡಿದೆ. ಆ ರೈತರು ಗುದ್ದಲಿಯನ್ನು ನೆಲಕ್ಕೆ ಊರಿ ಒಂದೇ ಪ್ರಶ್ನೆ ಕೇಳಿದರು:

“ನಿಮ್ಮ ಯಾದಿಯಲ್ಲಿ ನನ್ನ ಹೆಸರು ಇದೆಯೇ?”

ಮೊಬೈಲಿನಲ್ಲಿ ಡ್ರಾಫ್ಟ್ ತೆರೆದೆ. ಸಿಗ್ನಲ್ ಇಲ್ಲದೆ ಕಡತ ಅರ್ಧಕ್ಕೆ ನಿಂತು ಸುತ್ತತೊಡಗಿತು. ಅಷ್ಟು ಜನ ನನ್ನ ಕೈಯನ್ನೇ ನೋಡುತ್ತ ನಿಂತಿದ್ದರು. ಕೊನೆಗೂ ತೆರೆದುಕೊಂಡಿತು. ಬಾಧಿತ ಕುಟುಂಬಗಳ ಅನುಬಂಧದಲ್ಲಿ ಟರ್ಬೈನಿಗೆ ಜಮೀನು ಮಾರಿದವರಿದ್ದರು, ರಸ್ತೆಗೆ ಜಾಗ ಬಿಟ್ಟುಕೊಟ್ಟವರೂ ಇದ್ದರು. ಇವರು ಏನನ್ನೂ ಮಾರಿರಲಿಲ್ಲ. ರಸ್ತೆ ಇವರ ಪಕ್ಕದ ಸರ್ವೆ ನಂಬರಿನಲ್ಲಿ ಹಾಯ್ದಿತ್ತು. ಇಲ್ಲ ಎಂದೆ.

“ಸಭೆಗೆ ಬಂದಿದ್ದೆನಲ್ಲ, ಸಹಿ ಮಾಡಿದ್ದೆನಲ್ಲ” ಎಂದರು. ಅದು ನಿಜ. ಹಾಜರಿ ಹಾಳೆಯ ಸ್ಕ್ಯಾನ್ ಪ್ರತಿಯಲ್ಲಿ ಅವರ ಸಹಿ ಸ್ಪಷ್ಟವಾಗಿತ್ತು. ಸಮಾಲೋಚನೆ ನಡೆದಿದೆ ಎಂಬುದಕ್ಕೆ ಯೋಜನೆಗೆ ಸಾಲ ಕೊಡುವ ಬ್ಯಾಂಕಿನವರಿಗೆ ನಾವು ತೋರಿಸುವ ಸಾಕ್ಷಿ ಅದು. ಅವರು ಬಗ್ಗಿ ಅದನ್ನು ನೋಡಿ, “ಹಾಗಾದರೆ ನಾನು ಚಹಾ ಕುಡಿಯಲು ಬಂದವನು” ಎಂದರು. ಹಿಂದಿದ್ದವರು ನಕ್ಕರು. ನಡಾವಳಿಯ ಒಂದು ಸಾಲು ನನಗೆ ಆಗ ನೆನಪಾಯಿತು: ‘ರಸ್ತೆ ಮತ್ತು ನೀರಿನ ಬಗ್ಗೆ ಪ್ರಶ್ನೆ, ಕಂಪನಿ ಗಮನಿಸಲಿದೆ.’ ಆ ಪ್ರಶ್ನೆ ಯಾರದೆಂದು ನಾನು ಅಲ್ಲಿ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಬಿಕ್ಕಟ್ಟನ್ನು ಬಿಡಿಸಿದ್ದು ನನ್ನ ಮಾತಿನ ಚಾತುರ್ಯವಲ್ಲ, ಟ್ರೇಲರಿನ ಬಾಡಿಗೆ. ರಸ್ತೆ ಕಡಿಯಲು ಸೈಟಿನಲ್ಲಿ ಯಾರಿಗೂ ಅಧಿಕಾರವಿರಲಿಲ್ಲ. ಪ್ರಾಜೆಕ್ಟ್ ಮ್ಯಾನೇಜರಿಗೆ ಫೋನ್ ಹೋಯಿತು. ಬೆಳೆಯ ಬಗ್ಗೆ ಹೇಳಿದಾಗ “ನೋಡೋಣ” ಎಂದವರು, ಟ್ರೇಲರ್ ಸುಮ್ಮನೆ ನಿಂತರೆ ದಿನಕ್ಕೆ ಎಷ್ಟು ಕಟ್ಟಬೇಕು ಎಂದು ಕೇಳಿದ ಮೇಲೆ ಜೆಸಿಬಿ ಕಳುಹಿಸಿದರು. ಪೊಲೀಸರು ಬಂದಾಗ ಗರಸು ಕಡಿದು ನೀರು ಹಳ್ಳದ ಕಡೆ ಹೊರಟಿತ್ತು. ಸಂಜೆಯೊಳಗೆ ಹ್ಯೂಮ್ ಪೈಪು ಬಿತ್ತು. ಬೆಳೆಯ ಹಣವೂ ಆಮೇಲೆ ಸಂದಾಯವಾಯಿತು, ಆದರೆ ಪರಿಹಾರ ಎಂಬ ಹೆಸರಿನಲ್ಲಲ್ಲ. ಯಾದಿಯಲ್ಲಿ ಇಲ್ಲದವರಿಗೆ ಪರಿಹಾರ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರಂತೆ. ಹಾಗಾಗಿ ಅದು ಕಂಪನಿಯ ಸಮಾಜಸೇವೆಯ ಸಿಎಸ್‌ಆರ್ ಖಾತೆಯಿಂದ ಹೋಯಿತು. ನಮ್ಮ ರಸ್ತೆಯಿಂದಲೇ ಮುಳುಗಿದ ಹೊಲದ ಹಣ ಧರ್ಮಾರ್ಥವಾಯಿತು.

ಈ ಜಗಳದ ಬೇರು ನಮ್ಮ ಕಚೇರಿಯಲ್ಲೇ ಇತ್ತು. ಅಧ್ಯಯನದ ಸ್ಕೋಪ್ (ವ್ಯಾಪ್ತಿ) ಬರೆಯುವಾಗ ಕಂಪನಿ ಕೊಡುವುದು ಟರ್ಬೈನ್ ಚುಕ್ಕೆಗಳಿರುವ ಒಂದು ಕೆಎಂಎಲ್ ನಕ್ಷೆ ಕಡತ. ನಾವು ಆ ಚುಕ್ಕೆಗಳ ಸುತ್ತ ವೃತ್ತ ಎಳೆದು, ವೃತ್ತದೊಳಗೆ ಬಿದ್ದ ಮನೆಗಳನ್ನು ಎಣಿಸುತ್ತೇವೆ. ರಾತ್ರಿ ವಸತಿ ಪ್ರದೇಶದಲ್ಲಿ ಶಬ್ದ 45 ಡೆಸಿಬೆಲ್ ಮೀರುತ್ತದೆಯೇ, ಮನೆಯ ಮೇಲೆ ರೆಕ್ಕೆಗಳ ನೆರಳು ವರ್ಷಕ್ಕೆ 30 ಗಂಟೆ ಅಥವಾ ದಿನಕ್ಕೆ 30 ನಿಮಿಷ ದಾಟುತ್ತದೆಯೇ ಎಂದು ಸಾಫ್ಟ್‌ವೇರ್ ಲೆಕ್ಕ ಹಾಕಿ ಬಣ್ಣಬಣ್ಣದ ನಕ್ಷೆ ಕೊಡುತ್ತದೆ. ಆಕಾಶದಲ್ಲಿ ವರ್ಷವಿಡೀ ಮೋಡವೇ ಇಲ್ಲ, ರೆಕ್ಕೆಗಳು ನಿಲ್ಲುವುದೇ ಇಲ್ಲ ಎಂದುಕೊಂಡು ಹಾಕುವ ಲೆಕ್ಕ ಅದು. ಅದಕ್ಕೆ ವಾರಗಟ್ಟಲೆ ಹೋಗುತ್ತದೆ. ನೀರಿನ ಹರಿವಿಗೆ ಹಳೆಯ ವರದಿಯಿಂದ ಇಳಿದುಬಂದ ಒಂದು ಸಾಲು: ‘ಅಲ್ಪ, ತಾತ್ಕಾಲಿಕ.’ ರಸ್ತೆಯನ್ನೂ ವಿದ್ಯುತ್ ಲೈನನ್ನೂ ಸೇರಿಸೋಣ ಎಂದು ನಾನು ಮೊದಲೇ ಕೇಳಿದ್ದೆ. ಅದು ಬಿಒಪಿ ಗುತ್ತಿಗೆದಾರನ (ಟರ್ಬೈನ್ ಬಿಟ್ಟು ಉಳಿದ ಕೆಲಸ ಮಾಡುವವನ) ಪಾಲು, ನಮ್ಮದಲ್ಲ ಎಂಬ ಉತ್ತರ ಬಂದಿತ್ತು. ಬ್ಯಾಂಕು ಒಪ್ಪಂದದಲ್ಲಿ ಬರೆಸಿಕೊಳ್ಳುವ ಐಎಫ್‌ಸಿಯ (ವಿಶ್ವ ಬ್ಯಾಂಕ್ ಸಮೂಹದ ಹಣಕಾಸು ಸಂಸ್ಥೆಯ) 2012ರ ಮಾನದಂಡಗಳಲ್ಲಿ, ಯೋಜನೆ ಇಲ್ಲದಿದ್ದರೆ ಹುಟ್ಟದ ಮತ್ತು ಅದಿಲ್ಲದೆ ಯೋಜನೆ ನಡೆಯದ ಸೌಕರ್ಯಗಳೂ ಅಂದಾಜಿಗೆ ಸೇರುತ್ತವೆ. ಇದನ್ನು ತೋರಿಸಿದರೆ ನಮ್ಮ ಮ್ಯಾನೇಜರ್ “ಬ್ಯಾಂಕಿನವರು ಕೇಳಿದಾಗ ನೋಡೋಣ” ಎನ್ನುತ್ತಾರೆ.

ಬೇರೆ ಯಾರು ಕೇಳಬೇಕು? 2006ರ ಇಐಎ (ಪರಿಸರ ಪರಿಣಾಮದ ಅಂದಾಜು) ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲ. ಆದ್ದರಿಂದ ಪರಿಸರ ಅನುಮತಿಯೂ ಬೇಡ, ಅದರ ಜೊತೆಗಿನ ಕಡ್ಡಾಯ ಸಾರ್ವಜನಿಕ ಅಹವಾಲು ಸಭೆಯೂ ಬೇಡ. ಮಾಲಿನ್ಯ ಮಂಡಳಿಯ ಲೆಕ್ಕದಲ್ಲಿ ಇದು 2016ರಿಂದ ಬಿಳಿ ವರ್ಗ, ಅಂದರೆ ಮಾಲಿನ್ಯ ಇಲ್ಲವೆನ್ನುವಷ್ಟು ಕಡಿಮೆ. ಹೊಗೆ ಇಲ್ಲ ಎಂಬುದು ನಿಜವೇ, ಆದರೆ ಹೆಸರಿನ ಬೆಳೆ ಕೊಳೆಯಲು ಹೊಗೆ ಬೇಕಿಲ್ಲ.

ಹಕ್ಕಿಗಳ ವಿಷಯದಲ್ಲೂ ಇದೇ ಚುಕ್ಕೆಯ ರೋಗ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದು ರಾಮ್‌ಸಾರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ) ಆಯಿತು. ಗದಗ ಜಿಲ್ಲೆಯ ಯಾವ ವರದಿಯಲ್ಲಾದರೂ ‘ಹತ್ತಿರದ ಟರ್ಬೈನಿನಿಂದ ಮಾಗಡಿಗೆ ಇಷ್ಟು ದೂರ’ ಎಂಬ ಒಂದು ಅಂಕಿ ಇದ್ದರೆ ಕೆಲಸ ಮುಗಿಯಿತು ಎಂದುಕೊಳ್ಳುವವರಿದ್ದಾರೆ. ಹೆಬ್ಬಾತುಗಳು ಕೆರೆಯಲ್ಲೇ ಕುಳಿತಿರುವುದಿಲ್ಲ, ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತವೆ. ಅವು ಹೋಗಿಬರುವ ದಾರಿಗೆ ಟರ್ಬೈನುಗಳ ವಿದ್ಯುತ್ ಒಂದೆಡೆ ಸೇರುವ ಪೂಲಿಂಗ್ ಸಬ್‌ಸ್ಟೇಷನ್ನಿನ ಲೈನ್ ಅಡ್ಡ ಬರುತ್ತದೆಯೇ ಎಂಬುದು ಕೇಳಬೇಕಾದ ಪ್ರಶ್ನೆ. ಅದಕ್ಕೆ ಚಳಿಗಾಲದಲ್ಲಿ ನಸುಕಿಗೇ ಹೊಲದಲ್ಲಿ ನಿಲ್ಲಬೇಕು. ನಮಗೆ ವರ್ಕ್ ಆರ್ಡರ್ ಬರುವುದು ಬೇಸಿಗೆಯಲ್ಲಿ, ಹಕ್ಕಿಗಳೆಲ್ಲ ಹಿಮಾಲಯ ದಾಟಿದ ಮೇಲೆ.

ಲಾವಣಿಗೆ, ಅಂದರೆ ಗೇಣಿಗೆ, ಹೊಲ ಮಾಡುವವರದು ಇನ್ನೂ ಕಷ್ಟ. ಭೂಸುಧಾರಣೆ ಕಾಯ್ದೆಯ 1974ರ ತಿದ್ದುಪಡಿಯ ನಂತರ ಗೇಣಿ ಕೊಡುವುದೇ ಕಾನೂನಿಗೆ ವಿರುದ್ಧ. ಹಾಗಾಗಿ ಲಾವಣಿ ಬಾಯಿಮಾತಿನಲ್ಲೇ ನಡೆಯುತ್ತದೆ, ಉತಾರದಲ್ಲಿ (ಪಹಣಿಯಲ್ಲಿ) ಮಾಲೀಕನ ಹೆಸರು ಮಾತ್ರ ಇರುತ್ತದೆ. ಲ್ಯಾಂಡ್ ಟೀಮಿನವರು ಆ ಹೆಸರು ನೋಡಿ ಚೆಕ್ ಬರೆಯುತ್ತಾರೆ. ಮಾಲೀಕ ಹುಬ್ಬಳ್ಳಿಯಲ್ಲಿರುತ್ತಾನೆ, ಹಿಂಗಾರಿಗೆ ಕಡಲೆ ಬಿತ್ತಬೇಕಾದವನು ಬೇರೆ ಹೊಲ ಹುಡುಕುತ್ತಾನೆ. ಸುಗ್ಗಿಯ ನಂತರ ಖಾಲಿ ಹೊಲದಲ್ಲಿ ಕುರಿ ತರುಬುವವರಂತೂ ಯಾವ ಕಾಲಂನಲ್ಲೂ ಇಲ್ಲ.

ಆಮೇಲೆ ನಾನು ಮಾಡಿದ್ದು ಇಷ್ಟು. ರಸ್ತೆಯ ಅಲೈನ್‌ಮೆಂಟ್ ಹಿಡಿದು ಮೊದಲ ಮಳೆಯ ಮುಂಚೆ ಪೂರ್ತಿ ನಡೆಯುವುದು, ಪ್ರತಿ ಒಡ್ಡಿನ ಹತ್ತಿರ ಕೆಳಗಿನ ಹೊಲದವರನ್ನು ಮಾತನಾಡಿಸುವುದು, ನಡಾವಳಿಯಲ್ಲಿ ‘ಗಮನಿಸಲಿದೆ’ ಎಂದು ಬರೆಯದೆ ಯಾರು, ಯಾವ ದಿನದೊಳಗೆ ಎಂದು ಬರೆಯುವುದು. ಇದಕ್ಕೆ ಸಾಫ್ಟ್‌ವೇರ್ ಬೇಕಿಲ್ಲ, ಆದ್ದರಿಂದ ಇನ್‌ವಾಯ್ಸ್ ಮಾಡುವುದೂ ಕಷ್ಟ.

ಹಾವೇರಿ ಕಡೆಯ ಹೊಸ ಯೋಜನೆಯೊಂದರ ದರಪಟ್ಟಿಯಲ್ಲಿ ಈ ನಡಿಗೆಗೆ ಪ್ರತ್ಯೇಕ ಸಾಲು ಸೇರಿಸಿ ಕೊಟ್ಟಿದ್ದೇನೆ. ಮ್ಯಾನೇಜರ್ ಅದನ್ನು ‘ಐಚ್ಛಿಕ’ ಎಂಬ ಶೀರ್ಷಿಕೆಯ ಕೆಳಗೆ ಇಳಿಸಿದ್ದಾರೆ. ಮತ್ತೆ ಮೇಲಕ್ಕೆ ತರುವ ಜಗಳ ಸೋಮವಾರದ ಸಭೆಯಲ್ಲಿದೆ.