ತೋಟದ ಮನೆಯವರ ಜೇಬಿಗೆ ಎಂಥ ಟಾರ್ಚು?

ಜೇಬಿನಲ್ಲಿ ಇಟ್ಟುಕೊಳ್ಳುವ ಪುಟ್ಟ ಟಾರ್ಚಿನ ಬಗ್ಗೆ ಬರೆಯುವವರು ಹೆಚ್ಚಾಗಿ ಅದರ ಗರಿಷ್ಠ ಬೆಳಕು ಎಷ್ಟು ಎಂಬಲ್ಲಿಂದ ಆರಂಭಿಸುತ್ತಾರೆ. ನನಗೆ ಮೊದಲು ತಿಳಿಯಬೇಕಾದದ್ದು ಅದರ ಕನಿಷ್ಠ ಬೆಳಕು ಎಷ್ಟು, ಮತ್ತು ನಿದ್ದೆಗಣ್ಣಿನಲ್ಲಿ ಎದ್ದವನಿಗೆ ಒಂದೇ ಕೈಯಲ್ಲಿ ಅದು ಸಿಗುತ್ತದೆಯೇ ಎಂಬುದು. ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ರಸ್ತೆಯಿಂದ ಒಳಗೆ, ಅಡಿಕೆ ತೋಟದ ಮಧ್ಯೆ ಇರುವ ನಮ್ಮಂಥ ಮನೆಗಳಲ್ಲಿ ಟಾರ್ಚಿನ ಕೆಲಸ ಯಾವುದು ಎಂದು ಲೆಕ್ಕ ಹಾಕಿದರೆ ಈ ಮಾತು ಅರ್ಥವಾಗುತ್ತದೆ. ಗಾಳಿಮಳೆಗೆ ಕರೆಂಟು ಹೋದಾಗ ಚಾವಡಿಯಿಂದ ಅಡುಗೆಮನೆಗೆ ಹೋಗಬೇಕು. ರಾತ್ರಿ ಹಟ್ಟಿಯಲ್ಲಿ ದನ ಕೂಗಿದರೆ ನೋಡಬೇಕು. ಪಂಪಿನ ಶೆಡ್ಡಿಗೆ ಹೋಗಿ ಸ್ವಿಚ್ಚು ಹಾಕಿ ಬರಬೇಕು. ನೀರಿಗಾಗಿ ಗುಡ್ಡವನ್ನು ಅಡ್ಡಕ್ಕೆ ಕೊರೆದ ಸುರಂಗದ ನೀರು ಬೀಳುವ ಟ್ಯಾಂಕು ತುಂಬಿತೋ ಎಂದು ಇಣುಕಬೇಕು. ಇವೆಲ್ಲವೂ ಎರಡರಿಂದ ಇಪ್ಪತ್ತು ಮೀಟರಿನೊಳಗಿನ ಕೆಲಸಗಳು. ಗುಡ್ಡದ ಆಚೆಯ ಮರವನ್ನು ಬೆಳಗಿಸಬೇಕಾದ ಪ್ರಸಂಗ ವರ್ಷಕ್ಕೊಮ್ಮೆ ಬಂದರೆ ಹೆಚ್ಚು.

ನಾನೀಗ ಬಳಸುತ್ತಿರುವುದು ಒಂದೇ ಒಂದು ಎಎ ಅಳತೆಯ ಪೆನ್ಸಿಲ್ ಸೆಲ್ಲು ಹಾಕುವ, ಒಂಬತ್ತು ಸೆಂಟಿಮೀಟರಿನಷ್ಟು ಉದ್ದದ ಅಲ್ಯೂಮಿನಿಯಂ ಟಾರ್ಚು. ಅಂಗಿಯ ಜೇಬಿಗೆ ಸಿಕ್ಕಿಸಲು ಕ್ಲಿಪ್ಪಿದೆ, ತಲೆಯ ಪಕ್ಕದಲ್ಲಿ ಸ್ವಿಚ್ಚಿದೆ, ಬಾಲದಲ್ಲಿ ಆಯಸ್ಕಾಂತವಿದೆ. ಕಂಪನಿಯ ಹೆಸರನ್ನು ಬರೆಯುವುದಿಲ್ಲ, ಏಕೆಂದರೆ ಹೆಚ್ಚುಕಡಿಮೆ ಇದೇ ಮೈಕಟ್ಟಿನ ಟಾರ್ಚುಗಳು ಬೇರೆ ಬೇರೆ ಹೆಸರುಗಳಲ್ಲಿ ಸಿಗುತ್ತವೆ ಮತ್ತು ಕೊಳ್ಳುವಾಗ ನೋಡಬೇಕಾದ ಸಂಗತಿಗಳು ಎಲ್ಲದಕ್ಕೂ ಒಂದೇ.

ಮೊಬೈಲಿನಲ್ಲಿಯೇ ಟಾರ್ಚು ಇರುವಾಗ ಇನ್ನೊಂದು ಏಕೆ ಎಂದು ಕೇಳುವವರಿದ್ದಾರೆ. ಮೊಬೈಲಿನ ದೀಪ ಮನೆಯೊಳಗೆ ಸಾಕಾಗುತ್ತದೆ. ಆದರೆ ಅದಕ್ಕೆ ಬೆಳಕನ್ನು ಒಟ್ಟುಗೂಡಿಸಿ ಮುಂದಕ್ಕೆ ಕಳುಹಿಸುವ ಪ್ರತಿಫಲಕವಿಲ್ಲದ ಕಾರಣ ನಾಲ್ಕೈದು ಮೀಟರಿನಾಚೆ ಅದು ಚೆದುರಿಹೋಗುತ್ತದೆ. ಆಷಾಢದ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಮೊಬೈಲು ಹಿಡಿದು, ಒದ್ದೆ ಬೆರಳಿನಿಂದ ಅದರ ಪರದೆಯನ್ನು ಒತ್ತಲು ಹೊರಟವರಿಗೆ ಉಳಿದದ್ದನ್ನು ವಿವರಿಸಬೇಕಾಗಿಲ್ಲ.

ಇನ್ನು ಡಬ್ಬಿಯ ಮೇಲಿನ ಅಂಕೆಗಳು. ಲ್ಯುಮೆನ್ ಎಂದರೆ ಟಾರ್ಚಿನಿಂದ ಹೊರಬೀಳುವ ಒಟ್ಟು ಬೆಳಕಿನ ಅಳತೆ. ಕ್ಯಾಂಡೆಲಾ ಎಂದರೆ ಆ ಬೆಳಕು ಒಂದು ದಿಕ್ಕಿಗೆ ಎಷ್ಟು ಒತ್ತಾಗಿ ಹೋಗುತ್ತದೆ ಎಂಬುದರ ಅಳತೆ. ಒಂದೇ ಲ್ಯುಮೆನ್ನಿನ ಎರಡು ಟಾರ್ಚುಗಳಲ್ಲಿ ಒಂದು ಅಂಗಳವಿಡೀ ಹರಡಿಕೊಂಡರೆ ಮತ್ತೊಂದು ತೆಂಗಿನ ಮರದ ತುದಿಯನ್ನು ಮುಟ್ಟಬಹುದು. ಡಬ್ಬಿಯಲ್ಲಿ ಬರೆದಿರುವ ದೂರವನ್ನು ಲೆಕ್ಕ ಹಾಕುವ ಕ್ರಮ ಅಮೆರಿಕದಲ್ಲಿ 2009ರಲ್ಲಿ ಬಂದ ಎಫ್‌ಎಲ್ 1 ಎಂಬ ಮಾನದಂಡದಿಂದ ನೆಲೆನಿಂತಿತು. ವಸ್ತುವಿನ ಮೇಲೆ ಬೀಳುವ ಬೆಳಕನ್ನು ಲಕ್ಸಿನಲ್ಲಿ ಅಳೆಯುತ್ತಾರೆ; ಅದು 0.25 ಲಕ್ಸಿಗೆ, ಅಂದರೆ ಸುಮಾರಾಗಿ ಹುಣ್ಣಿಮೆಯ ಬೆಳದಿಂಗಳಿನ ಮಟ್ಟಕ್ಕೆ, ಇಳಿಯುವ ದೂರವೇ ಅದು. ಆದ್ದರಿಂದ 60 ಮೀಟರ್ ಎಂದು ಬರೆದಿದ್ದರೆ ಅಷ್ಟು ದೂರದಲ್ಲಿ ಏನೋ ಇದೆ ಎಂದು ತಿಳಿಯಬಹುದೇ ಹೊರತು ಅದು ಹಂದಿಯೋ ಕಲ್ಲೋ ಎಂದು ಹೇಳಲಾಗದು. ದೂರ ಅರ್ಧವಾದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. 60 ಮೀಟರಿನ ಟಾರ್ಚು 15 ಮೀಟರಿನಲ್ಲಿ ನಾಲ್ಕು ಲಕ್ಸ್ ಕೊಡುತ್ತದೆ, ನಡೆಯುವುದಕ್ಕೆ ಇದು ಧಾರಾಳ. ಒಂಬತ್ತು ಅಡಿಗೊಂದರಂತೆ ಅಡಿಕೆ ಮರ ನಿಂತಿರುವ ತೋಟದಲ್ಲಿ ಹೇಗಿದ್ದರೂ ಇಪ್ಪತ್ತೈದು ಮೀಟರಿನಾಚೆ ಕಾಂಡಗಳೇ ದೃಷ್ಟಿಯನ್ನು ತಡೆಯುತ್ತವೆ.

ಎಷ್ಟು ಹೊತ್ತು ಉರಿಯುತ್ತದೆ ಎಂಬ ಅಂಕೆಯನ್ನು ಇನ್ನೂ ಎಚ್ಚರದಿಂದ ಓದಬೇಕು. ಅದೇ ಮಾನದಂಡದ ಪ್ರಕಾರ, ಹೊತ್ತಿಸಿದ ಮೂವತ್ತನೆಯ ಸೆಕೆಂಡಿನಲ್ಲಿದ್ದ ಬೆಳಕಿನ ಶೇಕಡಾ 10ಕ್ಕೆ ಇಳಿಯುವವರೆಗಿನ ಕಾಲವೆಲ್ಲವೂ ಲೆಕ್ಕಕ್ಕೆ ಸೇರುತ್ತದೆ. ಹಾಗಾಗಿ 300 ಲ್ಯುಮೆನ್, ಎರಡು ಗಂಟೆ ಎಂದು ಬರೆದಿರುವ ಟಾರ್ಚು ಮೂರೇ ನಿಮಿಷಗಳಲ್ಲಿ ಬಿಸಿಯಾಗಿ 100ಕ್ಕೆ ಇಳಿದು, ಉಳಿದ ಹೊತ್ತನ್ನೆಲ್ಲ ಅಲ್ಲಿಯೇ ಕಳೆದರೂ ಬರೆದದ್ದು ಸುಳ್ಳಾಗುವುದಿಲ್ಲ. ನಿಜವನ್ನು ತಿಳಿಯಲು ಒಂದು ಸರಳ ಗುಣಾಕಾರ ಸಾಕು. ರೀಚಾರ್ಜ್ ಮಾಡಬಹುದಾದ ಒಳ್ಳೆಯ ನಿಕ್ಕಲ್ ಸೆಲ್ಲು 2000 ಮಿಲಿಆಂಪ್-ಗಂಟೆಯದ್ದು, 1.2 ವೋಲ್ಟಿನದ್ದು, ಎರಡನ್ನೂ ಗುಣಿಸಿದರೆ 2.4 ವ್ಯಾಟ್-ಗಂಟೆ. ಈ ಗಾತ್ರದ ಟಾರ್ಚು ಒಂದು ವ್ಯಾಟಿಗೆ 100 ಲ್ಯುಮೆನ್ ಕೊಡುತ್ತದೆ ಎಂದು ಇಟ್ಟುಕೊಂಡರೆ, 100 ಲ್ಯುಮೆನ್ನಿನಲ್ಲಿ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು, ಐದು ಲ್ಯುಮೆನ್ನಿನಲ್ಲಿ ಸುಮಾರು ಎರಡು ದಿನ ಉರಿಯಬೇಕು. ನನ್ನ ಟಾರ್ಚು ಈ ಲೆಕ್ಕಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಇದೇ ಲೆಕ್ಕವನ್ನು ಆನ್‌ಲೈನಿನಲ್ಲಿ ಮುನ್ನೂರು ರೂಪಾಯಿಗೆ ಸಿಗುವ ‘10,000 ಲ್ಯುಮೆನ್’ ಟಾರ್ಚಿಗೆ ಹಚ್ಚಿ ನೋಡಿ: ಅದಕ್ಕೆ 100 ವ್ಯಾಟ್ ಬೇಕು, ಒಳಗಿರುವ, 18650 ಎಂಬ ಅಳತೆಯ ಒಂದು ದಪ್ಪ ಲಿಥಿಯಂ ಸೆಲ್ಲಿನಲ್ಲಿ ಹೆಚ್ಚೆಂದರೆ 12 ವ್ಯಾಟ್-ಗಂಟೆಯಷ್ಟು ಶಕ್ತಿ. ಅಂಥ ಸೆಲ್ಲಿನ ಮೇಲೆ ‘9900 ಮಿಲಿಆಂಪ್-ಗಂಟೆ’ ಎಂದು ಬರೆದಿದ್ದರೆ ಬೆರಗಾಗಬೇಕಾಗಿಲ್ಲ. ಹೆಸರಾಂತ ಕಂಪನಿಗಳ ಸೆಲ್ಲುಗಳೇ ಸಾಮಾನ್ಯವಾಗಿ 3500ರ ಆಸುಪಾಸಿನಲ್ಲಿ ನಿಲ್ಲುತ್ತವೆ.

ಕಡಿಮೆ ಬೆಳಕಿನ ವಿಷಯಕ್ಕೆ ಬರುತ್ತೇನೆ. ನಮ್ಮ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು, ಆ ಹೊಂದಾಣಿಕೆಯನ್ನು ಕೆಡಿಸಲು ಒಂದು ಕ್ಷಣದ ಪ್ರಖರ ಬೆಳಕು ಸಾಕು. ರಾತ್ರಿ ಎರಡು ಗಂಟೆಗೆ ಎದ್ದವನ ಕಣ್ಣಿಗೆ ಅರ್ಧ ಲ್ಯುಮೆನ್ನಿನಲ್ಲಿಯೇ ಕೋಣೆಯ ಮೂಲೆಗಳು ಕಾಣುತ್ತವೆ, ಪಕ್ಕದಲ್ಲಿ ಮಲಗಿದ ಮಗುವೂ ಏಳುವುದಿಲ್ಲ. ನನ್ನ ಟಾರ್ಚಿನಲ್ಲಿ ಸ್ವಿಚ್ಚನ್ನು ಒತ್ತಿಯೇ ಹಿಡಿದರೆ ಈ ಅರ್ಧ ಲ್ಯುಮೆನ್ ಬರುತ್ತದೆ. ಒಮ್ಮೆ ಒತ್ತಿ ಬಿಟ್ಟರೆ ಕಳೆದ ಬಾರಿ ನಂದಿಸುವಾಗ ಇದ್ದ ಬೆಳಕು ಬರುತ್ತದೆ. ಹೀಗೆ ನೆನಪಿಟ್ಟುಕೊಳ್ಳುವ ಗುಣ ಒಳ್ಳೆಯದೆಂದು ಮಾರುವವರು ಹೇಳುತ್ತಾರೆ. ನನಗದು ಅಷ್ಟಾಗಿ ಹಿಡಿಸಿಲ್ಲ, ಏಕೆಂದರೆ ಸಂಜೆ ತೋಟದಲ್ಲಿ ಪೂರ್ತಿ ಬೆಳಕಿನಲ್ಲಿ ನಂದಿಸಿದ ಟಾರ್ಚು ರಾತ್ರಿ ಅದೇ ಬೆಳಕಿನಲ್ಲಿ ಮುಖಕ್ಕೆ ಹೊಡೆಯುತ್ತದೆ. ಪ್ರತಿ ಸಲವೂ ಕೆಳಗಿನ ಮೆಟ್ಟಿಲಿನಿಂದಲೇ ಆರಂಭವಾಗುವ ಟಾರ್ಚು ಸಿಕ್ಕಿದರೆ ಅದನ್ನೇ ಆರಿಸಿ ಎನ್ನುತ್ತೇನೆ. ಎರಡು ಸಲ ಬೇಗ ಒತ್ತಿದರೆ ಮಿಣುಕುವ ಸ್ಟ್ರೋಬು ಬೇರೆ ಇದೆ. ನಮ್ಮ ಅಮ್ಮನ ಕೈಯಲ್ಲಿ ಅದು ಹತ್ತಿಕೊಂಡಾಗ, “ಇದು ಎಂತ ಮಾರಾಯ, ನಂದುವುದೂ ಇಲ್ಲ ಉರಿಯುವುದೂ ಇಲ್ಲ” ಎಂದು ಟಾರ್ಚನ್ನು ದಿಂಬಿನ ಅಡಿಗೆ ತುರುಕಿದರು. ಮನೆಯ ಹಿರಿಯರೂ ಬಳಸುವ ಸಾಧನದಲ್ಲಿ ಒಮ್ಮೆ ಒತ್ತಿದರೆ ಹೊತ್ತಬೇಕು, ಇನ್ನೊಮ್ಮೆ ಒತ್ತಿದರೆ ನಂದಬೇಕು. ಉಳಿದ ಚಮತ್ಕಾರಗಳೆಲ್ಲ ಬೇಕಾದವರು ಹುಡುಕಿಕೊಳ್ಳುವಷ್ಟು ಒಳಗೆ ಇರಬೇಕು.

ಬಣ್ಣದ ವಿಷಯವನ್ನು ನಮ್ಮ ಊರಿನವರು ಯಾರೂ ಕೇಳುವುದಿಲ್ಲ, ಕೇಳಬೇಕಾದವರು ನಾವೇ. ಬಿಳಿ ಎಲ್‌ಇಡಿ ಎಂದರೆ ಮೂಲತಃ ನೀಲಿ ಎಲ್‌ಇಡಿ; ಅದರ ಮೇಲಿನ ಹಳದಿ ಲೇಪ ನೀಲಿಯ ಒಂದಷ್ಟು ಪಾಲನ್ನು ಬೇರೆ ಬಣ್ಣಗಳಾಗಿ ಮಾರ್ಪಡಿಸುತ್ತದೆ, ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಆ ನೀಲಿ ಎಲ್‌ಇಡಿಯನ್ನು ಸಾಧ್ಯವಾಗಿಸಿದ ಅಕಾಸಾಕಿ, ಅಮಾನೊ ಮತ್ತು ನಾಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಬೆಳಕಿನ ಛಾಯೆಯನ್ನು ಕೆಲ್ವಿನ್ನಿನಲ್ಲಿ ಹೇಳುತ್ತಾರೆ, ಅಂಕೆ ಏರಿದಷ್ಟೂ ನೀಲಿ ಹೆಚ್ಚು. ಅಗ್ಗದ ಟಾರ್ಚುಗಳು 6500 ಕೆಲ್ವಿನ್ನಿನ ನೀಲಿಛಾಯೆಯ ಬೆಳಕನ್ನು ಕೊಡುತ್ತವೆ, ಅದರಲ್ಲಿ ಕೆಂಪಿನ ಅಂಶ ತೀರಾ ಕಡಿಮೆ. ಅಂಥ ಬೆಳಕಿನಲ್ಲಿ ನೆಲಕ್ಕೆ ಬಿದ್ದ ಹಣ್ಣಡಿಕೆ ಬೂದುಬಣ್ಣದ ಉಂಡೆಯಾಗಿ ಕಾಣುತ್ತದೆ, ಒಣಸೋಗೆ, ಹಾಳೆ, ಮಣ್ಣು ಎಲ್ಲವೂ ಒಂದೇ ಮಾಸಲು ಬಣ್ಣಕ್ಕೆ ಬರುತ್ತವೆ. ಒಣಗಿದ ತರಗೆಲೆಗಳ ನಡುವೆ ಸುರುಳಿ ಸುತ್ತಿಕೊಂಡಿರುವ ಕೊಳಕುಮಂಡಲದ ಬೆನ್ನಿನ ಕಂದು ಸರಪಳಿ ಕಾಣಬೇಕಾದರೆ ಬೆಳಕಿನಲ್ಲಿ ಕಂದು ಮತ್ತು ಕೆಂಪನ್ನು ಬೇರ್ಪಡಿಸುವ ಗುಣ ಇರಲೇಬೇಕು. ಈ ಗುಣವನ್ನು ಸಿಆರ್‌ಐ ಎಂಬ ಅಂಕೆಯಲ್ಲಿ ಹೇಳುತ್ತಾರೆ. ಸಾಮಾನ್ಯ ಟಾರ್ಚುಗಳದ್ದು 70ರ ಸುತ್ತ, ಒಳ್ಳೆಯವುಗಳದ್ದು 90ಕ್ಕೆ ಮೇಲೆ. ಹೆಚ್ಚು ಸಿಆರ್‌ಐ ಇರುವ ಎಲ್‌ಇಡಿ ಅದೇ ವಿದ್ಯುತ್ತಿಗೆ ಸ್ವಲ್ಪ ಕಡಿಮೆ ಲ್ಯುಮೆನ್ ಕೊಡುತ್ತದೆ ಎಂಬುದು ನಿಜ, ಆದರೆ ಕಣ್ಣಿಗೆ ಎರಡು ಪಟ್ಟು ಪ್ರಕಾಶ ಎನಿಸಲು ಸುಮಾರು ನಾಲ್ಕು ಪಟ್ಟು ಲ್ಯುಮೆನ್ ಬೇಕಾಗುವುದರಿಂದ ಆ ಕೊರತೆ ಗಮನಕ್ಕೇ ಬರುವುದಿಲ್ಲ. ನನ್ನದು 4500 ಕೆಲ್ವಿನ್, 90ಕ್ಕೆ ಮೇಲಿನ ಸಿಆರ್‌ಐ. ಈ ಟಾರ್ಚಿಗೆ ಕೊಟ್ಟ ಹಣದಲ್ಲಿ ಅರ್ಧದಷ್ಟು ಇದೊಂದಕ್ಕೇ ಸಂದಿದ್ದರೂ ನನ್ನ ಆಕ್ಷೇಪವಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಪರೀಕ್ಷೆ ತಾನಾಗಿಯೇ ನಡೆಯುತ್ತದೆ. ಕೆಲವು ಟಾರ್ಚುಗಳು ಬೆಳಕನ್ನು ಕಡಿಮೆ ಮಾಡಲು ಎಲ್‌ಇಡಿಯನ್ನು ಸೆಕೆಂಡಿಗೆ ನೂರಾರು ಸಲ ಹೊತ್ತಿಸಿ ನಂದಿಸುತ್ತವೆ. ಗೋಡೆಯ ಮೇಲೆ ಇದು ತಿಳಿಯದು. ಸುರಿಯುವ ಮಳೆಯತ್ತ ಹಿಡಿದರೆ ಪ್ರತಿ ಹನಿಯ ಗೆರೆಯೂ ತುಂಡು ತುಂಡಾಗಿ, ಚುಕ್ಕಿಗಳ ಸಾಲಿನಂತೆ ಕಾಣುತ್ತದೆ. ಹನಿಯ ಗೆರೆ ಅಖಂಡವಾಗಿ ಕಂಡರೆ ಒಳಗಿನ ಸರ್ಕ್ಯೂಟು ಒಳ್ಳೆಯದೆಂದು ತಿಳಿಯಬಹುದು. ಜೋರು ಮಳೆಯಲ್ಲಿ ಪೂರ್ತಿ ಬೆಳಕು ಹಾಕಿದರೆ ಹನಿಗಳೇ ಬೆಳಗಿ ಎದುರಿಗೆ ಬಿಳಿ ಪರದೆ ಇಳಿಬಿಟ್ಟಂತಾಗುತ್ತದೆ. ಟಾರ್ಚನ್ನು ಕಣ್ಣಿನ ಮಟ್ಟದಿಂದ ಇಳಿಸಿ ಸೊಂಟದ ಬಳಿ ಹಿಡಿದು, ನಡುವಿನ ಬೆಳಕಿನಲ್ಲಿ ನಡೆದರೆ ನೀರು ಹರಿಯುವ ಕಣಿಯ ಅಂಚು ಎಷ್ಟೋ ಸ್ಪಷ್ಟವಾಗಿ ಕಾಣುತ್ತದೆ.

ನೀರು ತಡೆಯುವ ಶಕ್ತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಐಪಿಎಕ್ಸ್ 4 ಎಂದರೆ ಎರಚಲಿಗೆ ಸಾಕು, ಐಪಿಎಕ್ಸ್ 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ತಡೆಯಬೇಕು, 8 ಎಂದರೆ ಅದಕ್ಕಿಂತ ಕಠಿಣ ಪರೀಕ್ಷೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ 7ಕ್ಕಿಂತ ಕೆಳಗಿನದು ಬೇಡ. ಆದರೆ ಈ ಅಂಕೆಯನ್ನು ಉಳಿಸುವುದು ತಿರುಪಿನ ಬುಡದಲ್ಲಿರುವ ಸಣ್ಣ ರಬ್ಬರ್ ಬಳೆ. ಅದು ಒಣಗದಂತೆ ಆಗಾಗ ಸಿಲಿಕೋನ್ ಗ್ರೀಸು ಸವರಬೇಕು. ಕೈಗೆ ಸಿಕ್ಕಿತೆಂದು ತೆಂಗಿನೆಣ್ಣೆ ಹಚ್ಚುವುದು ಬೇಡ.

ನಮ್ಮ ಕಡೆಯ ಅಂಗಿಜೇಬಿನ ಒಂದು ಶತ್ರುವನ್ನು ಯಾವ ಕಂಪನಿಯೂ ಲೆಕ್ಕಕ್ಕೆ ತೆಗೆದುಕೊಂಡಿರಲಾರದು: ಸುಣ್ಣ. ವೀಳ್ಯ ಹಾಕುವವರ ಜೇಬಿನಲ್ಲಿ ಸುಣ್ಣದ ಡಬ್ಬಿಯ ಜೊತೆ ಟಾರ್ಚು ಕುಳಿತರೆ, ಕ್ಷಾರವು ಅಲ್ಯೂಮಿನಿಯಮ್ಮಿನ ಮೇಲಿನ ಗಟ್ಟಿ ಲೇಪವನ್ನು ತಿನ್ನಲು ತೊಡಗುತ್ತದೆ. ನೆರೆಮನೆಯ ಭಾವನ ಟಾರ್ಚಿನ ಕಪ್ಪು ಮೈಯಲ್ಲಿ ಹೆಬ್ಬೆರಳು ತಾಗುವಲ್ಲೆಲ್ಲ ಬಿಳಿ ಮಚ್ಚೆಗಳು ಎದ್ದಿರುವುದು ಹೀಗೆಯೇ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ದಿನಗಳಲ್ಲಿ ಸುಣ್ಣದ ಜೊತೆಗೆ ಮೈಲುತುತ್ತೂ ಸೇರುವುದರಿಂದ ಟಾರ್ಚನ್ನು ಮುಟ್ಟುವ ಮೊದಲು ಕೈತೊಳೆಯುವುದು ಲೇಸು.

ಸೆಲ್ಲಿನ ಆಯ್ಕೆಯಲ್ಲಿ ನಾನು ಎಎ ಪಕ್ಷದವನು. 18650 ಸೆಲ್ಲಿನಲ್ಲಿ ಐದು ಪಟ್ಟು ಶಕ್ತಿ ಇದೆ, ಆದರೆ ಆ ಟಾರ್ಚು ಅಂಗಿಯ ಜೇಬನ್ನು ಜಗ್ಗುತ್ತದೆ ಮತ್ತು ಸೆಲ್ಲು ಮುಗಿದರೆ ಪೆರ್ಲದ ಅಂಗಡಿಯಲ್ಲಿ ಬದಲಿ ಸಿಗುವ ಭರವಸೆಯಿಲ್ಲ. ಎಎ ಗೋಡೆಗಡಿಯಾರದಲ್ಲಿಯೂ ಇದೆ, ಗೂಡಂಗಡಿಯಲ್ಲಿಯೂ ಇದೆ. ಅಂಗಡಿಯ ಆಲ್ಕಲೈನ್ ಸೆಲ್ಲನ್ನು ತುರ್ತಿಗೆ ಮಾತ್ರ ಹಾಕಿ. ಖಾಲಿಯಾದ ಮೇಲೆ ಒಳಗೇ ಬಿಟ್ಟರೆ ಅದು ಸೋರಿ ಸೆಲ್ಲು ಕೊಳವೆಗೆ ಅಂಟಿಕೊಳ್ಳುತ್ತದೆ, ಆ ದ್ರವವೂ ಕ್ಷಾರವೇ. ಇದೇ ಅಳತೆಯಲ್ಲಿ 14500 ಎಂಬ ಲಿಥಿಯಂ ಸೆಲ್ಲು ಇದ್ದು, ನನ್ನ ಟಾರ್ಚು ಎರಡನ್ನೂ ಒಪ್ಪುತ್ತದೆ ಮತ್ತು ಲಿಥಿಯಂ ಹಾಕಿದಾಗ ಗರಿಷ್ಠ ಬೆಳಕು ದುಪ್ಪಟ್ಟಾಗುತ್ತದೆ. ಆದರೆ ಅದು ತುಂಬಿದಾಗ 4.2 ವೋಲ್ಟಿನ ಸೆಲ್ಲು. ಎಎಗೆಂದೇ ಮಾಡಿದ ಟಾರ್ಚಿಗೋ, ಟಿವಿಯ ರಿಮೋಟಿಗೋ ಹಾಕಿದರೆ ಸುಡಬಹುದು. ಮಕ್ಕಳಿರುವ ಮನೆಯಲ್ಲಿ ಅದನ್ನು ಬೇರೆ ಡಬ್ಬಿಯಲ್ಲಿಡಬೇಕು.

ಪಕ್ಕದ ಸ್ವಿಚ್ಚು ಜೇಬಿನಲ್ಲಿ ಒತ್ತಿಹೋಗಿ ಟಾರ್ಚು ತಾನೇ ಹೊತ್ತಿಕೊಳ್ಳುವುದು ಈ ಮಾದರಿಯ ದೊಡ್ಡ ದೋಷ. ಪೂರ್ತಿ ಬೆಳಕಿನಲ್ಲಿ ಬಟ್ಟೆಯೊಳಗೆ ಅದು ಸುಡುವಷ್ಟು ಕಾಯುತ್ತದೆ. ಬಾಲವನ್ನು ಕಾಲು ಸುತ್ತು ಸಡಿಲಿಸಿಟ್ಟರೆ ವಿದ್ಯುತ್ತಿನ ದಾರಿಯೇ ಕಡಿಯುವುದರಿಂದ ಅಪಾಯವಿಲ್ಲ, ಸುಮ್ಮನಿದ್ದಾಗ ಸ್ವಿಚ್ಚು ಹೀರುವ ಅಲ್ಪಸ್ವಲ್ಪ ಶಕ್ತಿಯೂ ಉಳಿಯುತ್ತದೆ. ಬಾಲದ ಆಯಸ್ಕಾಂತ ಪಂಪಿನ ಸ್ಟಾರ್ಟರ್ ಪೆಟ್ಟಿಗೆಗೆ ಟಾರ್ಚನ್ನು ಅಂಟಿಸಿ ಎರಡೂ ಕೈಗಳಿಂದ ಫ್ಯೂಸು ಕಟ್ಟಲು ಬಹಳ ಉಪಕಾರಿ. ಆದರೆ ಎದೆಯಲ್ಲಿ ಪೇಸ್‌ಮೇಕರ್ ಇರುವವರು ಇಂಥ ಟಾರ್ಚನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳಬಾರದು, ಹದಿನೈದು ಸೆಂಟಿಮೀಟರಾದರೂ ದೂರವಿರಬೇಕು. ಕ್ಲಿಪ್ಪು ಎರಡೂ ದಿಕ್ಕಿಗೆ ಬಾಗಿರುವುದರಿಂದ ಅಡಿಕೆ ಹಾಳೆಯ ಟೊಪ್ಪಿಯಾದ ಮುಟ್ಟಾಳೆಯ ಅಂಚಿಗೆ ಸಿಕ್ಕಿಸಿ ತಲೆದೀಪವಾಗಿಯೂ ಬಳಸಬಹುದು. ಎರಡಡಿ ಅಗಲದ ಸುರಂಗದೊಳಗೆ ಬಗ್ಗಿ ಹೋಗಿ ಕೆಸರು ತೆಗೆಯುವವರಿಗೆ ಇದು ನಿಜಕ್ಕೂ ಅನುಕೂಲ, ಅಲ್ಲಿಯೂ ಮುರಕಲ್ಲಿನ ಗೋಡೆ ಮೊಣಕೈಯ ದೂರದಲ್ಲಿಯೇ ಇರುವ ಕಾರಣ ಐದು ಲ್ಯುಮೆನ್ನಿಗಿಂತ ಹೆಚ್ಚು ಬೇಡ.

ಸೆಲ್ಲು ಮತ್ತು ಚಾರ್ಜರ್ ಸೇರಿ ಇಂಥ ಟಾರ್ಚಿಗೆ ಎರಡು ಸಾವಿರ ರೂಪಾಯಿಯ ಆಸುಪಾಸು ಆಗುತ್ತದೆ. ಟಾರ್ಚಿನಲ್ಲಿಯೇ ಚಾರ್ಜಿಂಗ್ ತೂತು ಇರುವುದನ್ನು ಕೊಳ್ಳುವುದಾದರೆ, ಎರಡೂ ತುದಿಯಲ್ಲಿ ಟೈಪ್-ಸಿ ಇರುವ ಕೇಬಲಿನಿಂದ ಚಾರ್ಜಾಗುತ್ತದೆಯೇ ಎಂದು ಕೇಳಿಕೊಳ್ಳಿ. ಖರ್ಚು ಉಳಿಸಲು ಒಳಗೆ ಎರಡು ಪುಟ್ಟ ರೆಸಿಸ್ಟರುಗಳನ್ನು ಹಾಕದೆ ಬಿಟ್ಟ ಟಾರ್ಚುಗಳು ಹಳೆಯ ಅಗಲ ಪಿನ್ನಿನ ಕೇಬಲಿಗೆ ಮಾತ್ರ ಸ್ಪಂದಿಸುತ್ತವೆ. ತೋಟಕ್ಕೆ ನುಗ್ಗುವ ಹಂದಿಯನ್ನು ದೂರದಿಂದ ಬೆದರಿಸುವುದೇ ಮುಖ್ಯ ಉದ್ದೇಶವಾಗಿದ್ದರೆ ಈ ಗಾತ್ರದ್ದು ಕೊಳ್ಳಬೇಡಿ. ಅದಕ್ಕೆ ಅಗಲ ಪ್ರತಿಫಲಕದ, 18650 ಅಥವಾ ಅದಕ್ಕೂ ದೊಡ್ಡ ಸೆಲ್ಲಿನ ಟಾರ್ಚನ್ನೇ ತಂದು ಚಾವಡಿಯ ಮೊಳೆಗೆ ನೇತುಹಾಕಿ.