ಡಯಟ್ ಇದೆ, ವ್ಯಾಯಾಮವೂ ಇದೆ, ತೂಕ ಮಾತ್ರ ಯಾಕೆ ಇಳಿಯುತ್ತಿಲ್ಲ?

"ಊಟ ಅರ್ಧ ಮಾಡಿದ್ದೀನಿ, ಸಕ್ಕರೆ ಮುಟ್ಟಲ್ಲ, ದಿನಾ ಒಂದು ಗಂಟೆ ನಡೀತೀನಿ. ಆದ್ರೂ ತೂಕ ಇಳೀತಿಲ್ಲ. ನನ್ನ ದೇಹದಲ್ಲೇ ಏನಾದ್ರೂ ದೋಷ ಇದೆಯಾ?"

ಹೀಗೆ ಕೇಳುವವರಲ್ಲಿ ಹೆಚ್ಚಿನವರು ನಿಜಕ್ಕೂ ಕಷ್ಟಪಡುತ್ತಿರುತ್ತಾರೆ. ಅವರಿಗೆ "ಇನ್ನೂ ಕಡಿಮೆ ತಿನ್ನಿ, ಇನ್ನೂ ಜಾಸ್ತಿ ಓಡಿ" ಎಂದು ಹೇಳಿ ಕಳಿಸುವುದು ಸುಲಭ, ಆದರೆ ಅದರಿಂದ ಏನೂ ಬಗೆಹರಿಯುವುದಿಲ್ಲ. ಮೊದಲು ತಿಳಿಯಬೇಕಾದ್ದು ಒಂದೇ: ಕೊಬ್ಬು ಕರಗುತ್ತಲೇ ಇಲ್ಲವೋ, ಕರಗುತ್ತಿದ್ದರೂ ತೂಕದ ಯಂತ್ರದಲ್ಲಿ ಕಾಣಿಸುತ್ತಿಲ್ಲವೋ? ಎರಡಕ್ಕೂ ಪರಿಹಾರ ಬೇರೆ ಬೇರೆ.

ಒಂದು ಕೆಜಿ ದೇಹದ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ದಿನಕ್ಕೆ 500 ಕ್ಯಾಲರಿ ಕಡಿಮೆ ತಿಂದರೆ ಕರಗುವ ಕೊಬ್ಬು 65 ಗ್ರಾಂ, ವಾರಕ್ಕೆ 450 ಗ್ರಾಂ. ಆದರೆ ಮೈಯಲ್ಲಿರುವ ನೀರು ಮತ್ತು ಹೊಟ್ಟೆಯಲ್ಲಿರುವ ಆಹಾರದಿಂದಲೇ ತೂಕ ಒಂದು ದಿನದಿಂದ ಇನ್ನೊಂದು ದಿನಕ್ಕೆ ಒಂದೆರಡು ಕೆಜಿ ಏರಿಳಿಯುತ್ತದೆ. ದಿನಕ್ಕೆ 65 ಗ್ರಾಂನ ಇಳಿಕೆ ಈ ಏರಿಳಿತದಲ್ಲಿ ಮುಳುಗಿಹೋಗುತ್ತದೆ.

ಡಯಟ್‌ನ ಮೊದಲ ವಾರ ಎರಡು ಕೆಜಿ ಇಳಿದು ಮೂರನೇ ವಾರ ಎಲ್ಲವೂ ನಿಂತುಹೋದಂತೆ ಕಾಣುವುದಕ್ಕೂ ನೀರೇ ಕಾರಣ. ಯಕೃತ್ತು ಮತ್ತು ಸ್ನಾಯುಗಳಲ್ಲಿ 400-500 ಗ್ರಾಂನಷ್ಟು ಗ್ಲೈಕೋಜನ್ (ದೇಹ ಕೂಡಿಟ್ಟುಕೊಂಡ ಸಕ್ಕರೆಯ ರೂಪ) ಸಂಗ್ರಹವಿರುತ್ತದೆ. ಅದರ ಪ್ರತಿ ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟುಕೊಂಡಿರುತ್ತದೆ. ಪಿಷ್ಟ ಮತ್ತು ಸಕ್ಕರೆ ಕಡಿಮೆ ಮಾಡಿದ ಕೂಡಲೇ ಗ್ಲೈಕೋಜನ್ ಖರ್ಚಾಗಿ ನೀರೂ ಹೊರಗೆ ಹೋಗುತ್ತದೆ. ಆ ಎರಡು ಕೆಜಿಯಲ್ಲಿ ಕೊಬ್ಬಿನ ಪಾಲು ಚಿಕ್ಕದು. ಒಂದು ದಿನ ಹೊಟ್ಟೆತುಂಬ ಉಂಡರೆ ಆ ನೀರು ವಾಪಸ್ ಬರುತ್ತದೆ, ಜನ ಗಾಬರಿಯಾಗುತ್ತಾರೆ. ಉಪ್ಪು ಹೆಚ್ಚಾದ ಊಟ, ಮಲಬದ್ಧತೆ, ಮುಟ್ಟಿನ ಹಿಂದಿನ ದಿನಗಳು, ಹೊಸದಾಗಿ ಶುರುಮಾಡಿದ ವ್ಯಾಯಾಮದಿಂದ ಸ್ನಾಯುಗಳಲ್ಲಿ ಆಗುವ ಊತ, ಇವೆಲ್ಲವೂ ತೂಕವನ್ನು ಮೇಲೆತ್ತುತ್ತವೆ. ಜಿಮ್‌ಗೆ ಸೇರಿದ ಮೊದಲ ಎರಡು-ಮೂರು ವಾರ ತೂಕ ಹೆಚ್ಚಾಗುವುದು ಸ್ನಾಯು ಬೆಳೆದದ್ದರಿಂದ ಎಂದು ಹೇಳುವವರಿದ್ದಾರೆ. ಅಷ್ಟು ಬೇಗ ಸ್ನಾಯು ಬೆಳೆಯುವುದಿಲ್ಲ, ಅದೂ ಬಹುಪಾಲು ನೀರೇ.

ಅಳೆಯುವ ಕ್ರಮ ಹೀಗಿರಲಿ. ಬೆಳಿಗ್ಗೆ ಎದ್ದು, ಶೌಚ ಮುಗಿಸಿ, ಏನೂ ತಿನ್ನುವ ಕುಡಿಯುವ ಮುಂಚೆ, ಗಟ್ಟಿ ನೆಲದ ಮೇಲೆ ಇಟ್ಟ ಯಂತ್ರದಲ್ಲಿ ದಿನಾ ನೋಡಿ ಬರೆದಿಡಿ. ಏಳು ದಿನದ ಅಂಕಿಗಳನ್ನು ಕೂಡಿಸಿ ಏಳರಿಂದ ಭಾಗಿಸಿ. ಈ ವಾರದ ಸರಾಸರಿಯನ್ನು ಹೋದ ವಾರದ ಸರಾಸರಿಯ ಜೊತೆ ಮಾತ್ರ ಹೋಲಿಸಿ, ಸೋಮವಾರವನ್ನು ಮಂಗಳವಾರದ ಜೊತೆ ಹೋಲಿಸಬೇಡಿ. ಮುಟ್ಟಾಗುವವರು ಈ ತಿಂಗಳ ಚಕ್ರದ ಒಂದು ವಾರವನ್ನು ಹಿಂದಿನ ಚಕ್ರದ ಅದೇ ವಾರದ ಜೊತೆ ಹೋಲಿಸಬೇಕು. ಹದಿನೈದು ದಿನಕ್ಕೊಮ್ಮೆ ಹೊಕ್ಕುಳಿನ ಮಟ್ಟದಲ್ಲಿ, ಉಸಿರು ಬಿಟ್ಟ ಮೇಲೆ, ಟೇಪ್‌ನಿಂದ ಸೊಂಟ ಅಳೆಯಿರಿ. ನಾಲ್ಕು ವಾರ ತುಂಬುವ ತನಕ "ಇಳಿಯುತ್ತಿಲ್ಲ" ಎಂಬ ತೀರ್ಮಾನಕ್ಕೆ ಬರಬೇಡಿ. ಸೊಂಟ ಕಡಿಮೆಯಾಗಿ ತೂಕ ನಿಂತಿದ್ದರೆ ಏನನ್ನೂ ಬದಲಾಯಿಸಬೇಕಾಗಿಲ್ಲ. ಗರ್ಭಿಣಿಯರು, ಹಾಲೂಡಿಸುವವರು, ಹಿಂದೆ ಎಂದಾದರೂ ಊಟದ ಗೀಳಿನ ಕಾಯಿಲೆಗೆ (ಈಟಿಂಗ್ ಡಿಸಾರ್ಡರ್) ಒಳಗಾಗಿದ್ದವರು ಈ ಅಳತೆ-ಲೆಕ್ಕಗಳಿಗೆ ತಾವಾಗಿಯೇ ಇಳಿಯಬಾರದು.

ನಾಲ್ಕು ವಾರದ ಸರಾಸರಿಯೂ ಕದಲಿಲ್ಲ, ಸೊಂಟವೂ ಕದಲಿಲ್ಲ ಎಂದಾದರೆ ತಿನ್ನುತ್ತಿರುವುದೂ ಖರ್ಚಾಗುತ್ತಿರುವುದೂ ಸಮ ಇದೆ. ಕೇಳಲು ಕಹಿ, ಆದರೆ ಇದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ.

1992ರಲ್ಲಿ ನ್ಯೂಯಾರ್ಕ್‌ನ ಸಂಶೋಧಕರು ಈ ಬಗೆಯ ಜನರನ್ನೇ ಆರಿಸಿ ಪರೀಕ್ಷಿಸಿದರು. ಎಲ್ಲರೂ ತಾವು ದಿನಕ್ಕೆ 1,200 ಕ್ಯಾಲರಿಗಿಂತ ಕಡಿಮೆ ತಿಂದರೂ ತೂಕ ಇಳಿಯುವುದಿಲ್ಲ ಎನ್ನುತ್ತಿದ್ದವರು. ವಿಶೇಷ ಐಸೋಟೋಪ್‌ಗಳಿರುವ ನೀರು ಕುಡಿಸಿ, ಅವು ದೇಹದಿಂದ ಹೊರಹೋಗುವ ವೇಗದಿಂದ ಶಕ್ತಿಯ ಖರ್ಚನ್ನು ಅಳೆಯುವ ವಿಧಾನವೊಂದಿದೆ, ಅದನ್ನೇ ಬಳಸಿದರು. ಅವರ ದೇಹ ಶಕ್ತಿ ಖರ್ಚು ಮಾಡುವುದರಲ್ಲಿ ದೋಷವೇನೂ ಸಿಗಲಿಲ್ಲ. ತಿಂದದ್ದನ್ನು ಅವರು ಸರಾಸರಿ 47% ಕಡಿಮೆ ಬರೆದಿದ್ದರು, ವ್ಯಾಯಾಮವನ್ನು 51% ಹೆಚ್ಚು ಬರೆದಿದ್ದರು. ಇದನ್ನು ಓದಿ ಯಾರನ್ನೂ ಸುಳ್ಳುಗಾರರು ಎನ್ನುವುದು ತಪ್ಪು. ಕಣ್ಣಳತೆಯಲ್ಲಿ ಆಹಾರ ಲೆಕ್ಕ ಹಾಕುವುದು ಯಾರಿಗೂ ಬರುವುದಿಲ್ಲ, ಆಹಾರತಜ್ಞರೂ ಇದರಲ್ಲಿ ಎಡವುತ್ತಾರೆ.

ಲೆಕ್ಕ ತಪ್ಪುವ ಜಾಗಗಳು ಹೆಚ್ಚುಕಡಿಮೆ ಎಲ್ಲರಲ್ಲೂ ಒಂದೇ. ಮೊದಲನೆಯದು ಎಣ್ಣೆ. ಮಟ್ಟವಾಗಿ ತುಂಬಿದ ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 14 ಗ್ರಾಂ, 120 ಕ್ಯಾಲರಿ. ಸೀಸೆಯಿಂದ ನೇರವಾಗಿ ಬಾಣಲೆಗೆ ಬಗ್ಗಿಸಿದರೆ ಎರಡು ಚಮಚ ಯಾವಾಗ ಬಿತ್ತೆಂದು ಗೊತ್ತೇ ಆಗುವುದಿಲ್ಲ. ಅಡುಗೆಗೆ ಮುಂಚೆ ಮತ್ತು ಅಡುಗೆಯಾದ ಮೇಲೆ ಸೀಸೆಯನ್ನೇ ತೂಕ ಮಾಡಿ, ವ್ಯತ್ಯಾಸವನ್ನು ಉಣ್ಣುವವರ ಸಂಖ್ಯೆಯಿಂದ ಭಾಗಿಸಿ. ಇದೊಂದರಿಂದಲೇ ಅರ್ಧ ಗುಟ್ಟು ಬಯಲಾದರೂ ಆಶ್ಚರ್ಯವಿಲ್ಲ. ಎರಡನೆಯದು, ಆರೋಗ್ಯಕ್ಕೆ ಒಳ್ಳೆಯದೆಂದು ತಿನ್ನುವ ಬಾದಾಮಿ, ಗೋಡಂಬಿ, ಕಡಲೆಬೀಜ. 30 ಗ್ರಾಂಗೆ 170ರ ಆಸುಪಾಸು ಕ್ಯಾಲರಿ, ಆದರೆ ಕೈತುಂಬ ತೆಗೆದುಕೊಂಡರೆ 50 ಗ್ರಾಂ ಆಗಿಬಿಡುತ್ತದೆ. ಸಕ್ಕರೆ ಬಿಟ್ಟು ಜೇನುತುಪ್ಪ ಹಿಡಿದವರಿಗೂ ಲಾಭವಿಲ್ಲ, ಒಂದು ದೊಡ್ಡ ಚಮಚ ಜೇನುತುಪ್ಪದಲ್ಲಿ 60ಕ್ಕೂ ಹೆಚ್ಚು ಕ್ಯಾಲರಿ ಇದೆ. ಆ್ಯಪ್‌ನಲ್ಲಿ ಬರೆಯುವವರು ಬೇರೊಂದು ತಪ್ಪು ಮಾಡುತ್ತಾರೆ: 100 ಗ್ರಾಂ ಅಕ್ಕಿಗೆ ಸುಮಾರು 350 ಕ್ಯಾಲರಿ, 100 ಗ್ರಾಂ ಅನ್ನಕ್ಕೆ ಸುಮಾರು 130. ಅಕ್ಕಿಯನ್ನು ತೂಗಿ ಅನ್ನ ಎಂದು ಬರೆದರೆ ಆ ಊಟದ ಲೆಕ್ಕ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಉಪ್ಪು ಖಾರ ನೋಡಲು ಬಾಯಿಗೆ ಹಾಕಿಕೊಂಡದ್ದು, ಮಕ್ಕಳು ತಟ್ಟೆಯಲ್ಲಿ ಬಿಟ್ಟದ್ದು, ಹಾಲು-ಸಕ್ಕರೆ ಹಾಕಿದ ಕಾಫಿ-ಟೀ, ಹಣ್ಣಿನ ರಸ, ಮದ್ಯ, ಇವು ಯಾವ ಪುಸ್ತಕಕ್ಕೂ ಏರುವುದಿಲ್ಲ. ಮದ್ಯಸಾರದ ಪ್ರತಿ ಗ್ರಾಂಗೆ 7 ಕ್ಯಾಲರಿ, ಕೊಬ್ಬಿನ 9ಕ್ಕೆ ಅದು ಬಹಳ ಹತ್ತಿರ.

ಇನ್ನು ವಾರಾಂತ್ಯ. ಐದು ದಿನ 500ರಂತೆ ಉಳಿಸಿದ್ದು 2,500. ಶನಿವಾರ, ಭಾನುವಾರ ಸಾವಿರ ಸಾವಿರ ಹೆಚ್ಚು ತಿಂದರೆ ಕೈಯಲ್ಲಿ ಉಳಿಯುವುದು 500, ಅಂದರೆ ಇಡೀ ವಾರದ ಕಷ್ಟಕ್ಕೆ 65 ಗ್ರಾಂ ಕೊಬ್ಬು. "ವಾರವಿಡೀ ಸ್ಟ್ರಿಕ್ಟ್" ಎನ್ನುವವರ ವಾರದಲ್ಲಿ ಎಷ್ಟು ದಿನ ಎಂದು ಕೇಳಬೇಕಾಗುತ್ತದೆ.

ಆದ್ದರಿಂದ ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆ ತಕ್ಕಡಿ ತಂದುಕೊಳ್ಳಿ. ತಟ್ಟೆ ಇಟ್ಟು ಸೊನ್ನೆ ಮಾಡಿ, ಒಂದೊಂದು ಪದಾರ್ಥ ಹಾಕಿದಾಗಲೂ ಅಂಕಿ ಬರೆದು ಮತ್ತೆ ಸೊನ್ನೆ ಮಾಡಿ. ಜೀವನಪೂರ್ತಿ ಹೀಗೆ ಬದುಕಬೇಕಾಗಿಲ್ಲ, ನಾಲ್ಕು ವಾರ ಸಾಕು. ತಿಂದ ಮೇಲೆ ನೆನಪಿಸಿಕೊಂಡು ಬರೆಯುವುದಕ್ಕಿಂತ ತಿನ್ನುವ ಮುಂಚೆ ಬರೆಯುವುದೇ ಕ್ಷೇಮ.

ವ್ಯಾಯಾಮದ ಮೇಲೆ ಜನ ಇಟ್ಟಿರುವ ನಿರೀಕ್ಷೆ ವಿಪರೀತ. 70 ಕೆಜಿ ತೂಕದವರು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ನಡೆದರೆ ಸುಮಾರು 245 ಕ್ಯಾಲರಿ ಖರ್ಚಾಗುತ್ತದೆ. ಅದರಲ್ಲಿ 70 ಸುಮ್ಮನೆ ಕೂತಿದ್ದರೂ ಖರ್ಚಾಗುತ್ತಿತ್ತು. ನಡಿಗೆಯಿಂದ ಬಂದ ನಿಜವಾದ ಲಾಭ 175, ಮೇಲೆ ಹೇಳಿದ 30 ಗ್ರಾಂ ಬಾದಾಮಿಗೆ ಸರಿಹೋಯಿತು. ಕೈಗೆ ಕಟ್ಟಿದ ಗಡಿಯಾರ 400 ಎಂದು ತೋರಿಸಿದರೆ ನಂಬಬೇಡಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಥ ಏಳು ಸಾಧನಗಳನ್ನು ಪರೀಕ್ಷಿಸಿದಾಗ ಕ್ಯಾಲರಿ ಲೆಕ್ಕದಲ್ಲಿ ಎಲ್ಲಕ್ಕಿಂತ ಉತ್ತಮವಾದದ್ದೇ ಸರಾಸರಿ 27% ತಪ್ಪಿತ್ತು, ಎಲ್ಲಕ್ಕಿಂತ ಕಳಪೆಯದು 93%. ಗಡಿಯಾರ ತೋರಿಸಿದಷ್ಟನ್ನು "ಗಳಿಸಿದ ಕ್ಯಾಲರಿ" ಎಂದು ತಿರುಗಿ ತಿನ್ನುವವರ ತೂಕ ಇಳಿಯುವ ಮಾತೇ ಇಲ್ಲ.

ದೇಹವೂ ತನ್ನ ಪಾಲಿನ ಜಿಪುಣತನ ತೋರಿಸುತ್ತದೆ. ಬೆಳಿಗ್ಗೆ ಬೆವರಿಳಿಸಿದವರು ಉಳಿದ ಹೊತ್ತು ತಮಗೆ ತಿಳಿಯದೆಯೇ ಹೆಚ್ಚು ಕೂರುತ್ತಾರೆ, ಮೆಟ್ಟಿಲು ಬಿಟ್ಟು ಲಿಫ್ಟ್ ಹತ್ತುತ್ತಾರೆ. ಹಾಗಾಗಿ ವಾಕಿಂಗ್ ನಿಮಿಷಗಳಿಗಿಂತ ಇಡೀ ದಿನದ ಹೆಜ್ಜೆಗಳನ್ನು ನೋಡಿ. ಡಯಟ್ ಶುರುವಾಗುವ ಮುಂಚೆ 8,000 ಇದ್ದದ್ದು ಈಗ 5,500 ಆಗಿದ್ದರೆ ಸೋರಿಕೆ ಅಲ್ಲಿದೆ. ಅಮೆರಿಕದ ಮಾನವಶಾಸ್ತ್ರಜ್ಞ ಹರ್ಮನ್ ಪಾಂಟ್ಜರ್ ಮತ್ತು ಅವರ ಸಂಗಡಿಗರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಟಾಂಜಾನಿಯಾದಲ್ಲಿ ಬೇಟೆಯಾಡಿ ಬದುಕುವ ಹಾಡ್ಜಾ ಜನರು ದಿನವಿಡೀ ಓಡಾಡಿದರೂ, ದೇಹದ ಗಾತ್ರ ಗಮನಿಸಿ ನೋಡಿದರೆ, ಪಾಶ್ಚಾತ್ಯ ನಗರವಾಸಿಗಳಷ್ಟೇ ಶಕ್ತಿ ಖರ್ಚು ಮಾಡುತ್ತಿದ್ದರು. ಹಾಗೆಂದು ವ್ಯಾಯಾಮ ಬಿಡಬಾರದು. ಹೃದಯ, ರಕ್ತದ ಸಕ್ಕರೆ, ನಿದ್ರೆ, ಇಳಿದ ತೂಕ ಮರಳದಂತೆ ಕಾಯುವುದು, ಇವಕ್ಕೆಲ್ಲ ಅದು ಬೇಕು. ವಾರಕ್ಕೆ ಎರಡು-ಮೂರು ದಿನ ಭಾರ ಎತ್ತುವುದಂತೂ ಕಡ್ಡಾಯ ಎನ್ನುತ್ತೇನೆ. ಭಾರ ಎತ್ತದೆ ಬರೀ ಹಸಿದು ತೂಕ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ.

"ತೀರಾ ಕಡಿಮೆ ತಿಂದದ್ದಕ್ಕೇ ದೇಹ ಕೊಬ್ಬು ಕೂಡಿಡುತ್ತಿದೆ" ಎಂಬ ಮಾತು ಬಹಳ ಓಡಾಡುತ್ತಿದೆ. 1944-45ರಲ್ಲಿ ಮಿನ್ನೆಸೋಟಾ ವಿಶ್ವವಿದ್ಯಾಲಯದಲ್ಲಿ ಆ್ಯನ್ಸೆಲ್ ಕೀಸ್ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ನೋಡಿದರು. ಅವರ ತೂಕ ಸುಮಾರು ಕಾಲುಭಾಗ ಇಳಿಯಿತು. ಆದರೆ ಕಾಲುಗಳಲ್ಲಿ ನೀರು ತುಂಬಿ ಊದಿಕೊಂಡದ್ದರಿಂದ ಕೊಬ್ಬು ಕರಗಿದ್ದು ತೂಕದಲ್ಲಿ ಪೂರ್ತಿ ಕಾಣದೇ ಹೋದದ್ದೂ ಉಂಟು. ಆ ಮಾತಿನಲ್ಲಿ ಸ್ವಲ್ಪ ನಿಜವೂ ಇದೆ: ಖರ್ಚು ಕಡಿಮೆಯಾಗುತ್ತದೆ. ಇಳಿದ ಪ್ರತಿ ಕೆಜಿಗೆ ದಿನದ ಖರ್ಚು 20-30 ಕ್ಯಾಲರಿ ತಗ್ಗುತ್ತದೆ, ಹಸಿವು ಮಾತ್ರ ಸುಮಾರು 100 ಕ್ಯಾಲರಿಯಷ್ಟು ಏರುತ್ತದೆ ಎಂದು ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಅವರ ತಂಡ ಅಂದಾಜು ಮಾಡಿದೆ. 12 ಕೆಜಿ ಇಳಿಸಿದವರ ಖರ್ಚು 240-360 ಕ್ಯಾಲರಿ ಕುಗ್ಗಿರುತ್ತದೆ. ಶುರುವಿನಲ್ಲಿ 500 ಉಳಿಸುತ್ತಿದ್ದ ಅದೇ ಊಟ ಈಗ ಉಳಿಸುವುದು ಅದರ ಅರ್ಧ, ಕೆಲವರಲ್ಲಿ ಅರ್ಧಕ್ಕಿಂತ ಕಡಿಮೆ. ಅದರ ಮೇಲೆ ಹಸಿವಿನ ಒತ್ತಡ. ತೂಕ ನಿಲ್ಲುವುದರಲ್ಲಿ ನಿಧಾನವಾದ ಚಯಾಪಚಯಕ್ಕಿಂತ (ದೇಹ ಶಕ್ತಿ ಖರ್ಚು ಮಾಡುವ ಕ್ರಿಯೆ) ಈ ಹಸಿವಿನ ಕೈವಾಡವೇ ದೊಡ್ಡದು.

ವಯಸ್ಸಾದದ್ದಕ್ಕೆ ಚಯಾಪಚಯ ಕುಸಿದಿದೆ ಎನ್ನುವವರಿಗೆ ಒಂದು ಮಾತು: 2021ರಲ್ಲಿ ಪ್ರಕಟವಾದ, 6,400ಕ್ಕೂ ಹೆಚ್ಚು ಜನರ ಅಳತೆಗಳಲ್ಲಿ 20ರಿಂದ 60 ವರ್ಷದ ತನಕ, ದೇಹದ ಗಾತ್ರ ಮತ್ತು ಸ್ನಾಯು ಲೆಕ್ಕಕ್ಕೆ ತೆಗೆದುಕೊಂಡಾಗ, ಅದು ಹೆಚ್ಚುಕಡಿಮೆ ಸ್ಥಿರವಾಗಿತ್ತು.

ನಾಲ್ಕು ವಾರದ ಪುಸ್ತಕ ಕೈಯಲ್ಲಿದ್ದರೆ ನಿಮ್ಮ ನಿಜವಾದ ಖರ್ಚನ್ನು ನೀವೇ ಕಂಡುಹಿಡಿಯಬಹುದು. ಅಂತರ್ಜಾಲದ ಕ್ಯಾಲ್ಕ್ಯುಲೇಟರ್‌ಗಳು ಕೊಡುವುದು ನಿಮ್ಮಂಥವರ ಸರಾಸರಿಯನ್ನು. ಉದಾಹರಣೆಗೆ, ದಿನಕ್ಕೆ ಸರಾಸರಿ 1,700 ತಿಂದಿದ್ದೀರಿ, 28 ದಿನದಲ್ಲಿ ಸರಾಸರಿ ತೂಕ 0.6 ಕೆಜಿ ಇಳಿದಿದೆ ಎನ್ನೋಣ. 0.6ನ್ನು 7,700ರಿಂದ ಗುಣಿಸಿದರೆ 4,620, ಅದನ್ನು 28ರಿಂದ ಭಾಗಿಸಿದರೆ 165. ಅಂದರೆ ನಿಮ್ಮ ದಿನದ ಖರ್ಚು 1,865. ಡಯಟ್‌ನ ಮೊಟ್ಟಮೊದಲ ವಾರವನ್ನು ಈ ಲೆಕ್ಕಕ್ಕೆ ಸೇರಿಸಬೇಡಿ, ನೀರಿನಿಂದ ಅದು ಕೆಡುತ್ತದೆ. ಈ ಲೆಕ್ಕದ ಸೊಗಸು ಏನೆಂದರೆ, ನೀವು ದಿನಾ 150 ಕ್ಯಾಲರಿ ಕಡಿಮೆ ಬರೆಯುತ್ತಿದ್ದರೂ, ತಪ್ಪು ಒಂದೇ ಸಮ ಇರುವ ತನಕ, ಅದು ಎರಡೂ ಕಡೆ ಇದ್ದು ವಜಾ ಆಗುತ್ತದೆ. ಈಗಿನ ಊಟದಿಂದ ಇನ್ನು 150-200 ಮಾತ್ರ ತೆಗೆಯಿರಿ, ಅದೂ ಎಣ್ಣೆ, ಪಾನೀಯ, ಕುರುಕಲಿನಿಂದ. ಒಂದೇ ಸಲ 600 ತೆಗೆದವರು ಹತ್ತನೇ ದಿನಕ್ಕೆ ಮುರಿಯುತ್ತಾರೆ.

ಪ್ರೋಟೀನ್ ಕಡಿಮೆ ಮಾಡಬೇಡಿ. ಪ್ರತಿ ಕೆಜಿ ತೂಕಕ್ಕೆ 1.2ರಿಂದ 1.6 ಗ್ರಾಂ ಇರಲಿ. ತೂಕ ಬಹಳ ಹೆಚ್ಚಿರುವವರು ತಲುಪಬೇಕಾದ ತೂಕದ ಮೇಲೆ ಲೆಕ್ಕ ಹಾಕಬೇಕು, ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳಬೇಕು. ಮೊಟ್ಟೆ, ಮೀನು, ಕಾಳು, ಮೊಸರು ಹೊಟ್ಟೆ ತುಂಬಿಸುವಷ್ಟು ಬಿಸ್ಕತ್ತು ತುಂಬಿಸುವುದಿಲ್ಲ. 2019ರಲ್ಲಿ ಹಾಲ್ ತಂಡ 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಅತಿಯಾಗಿ ಸಂಸ್ಕರಿಸಿದ ಆಹಾರ, ಇನ್ನೆರಡು ವಾರ ಸಂಸ್ಕರಿಸದ ಆಹಾರ, ಎರಡನ್ನೂ ಬೇಕಾದಷ್ಟು ತಿನ್ನಲು ಕೊಟ್ಟಿತು. ಮೊದಲನೆಯದರಲ್ಲಿ ಜನ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು. ನಿದ್ದೆಯದೂ ಇದೇ ಕಥೆ. 2010ರ ಒಂದು ಪ್ರಯೋಗದಲ್ಲಿ ಒಂದೇ ಡಯಟ್‌ನಲ್ಲಿದ್ದವರು ರಾತ್ರಿ 8.5 ಗಂಟೆಯ ಬದಲು 5.5 ಗಂಟೆ ಮಲಗಲು ಅವಕಾಶ ಸಿಕ್ಕಾಗ, ಇಳಿದ ತೂಕದಲ್ಲಿ ಕೊಬ್ಬಿನ ಪಾಲು ಅರ್ಧಕ್ಕಿಂತ ಹೆಚ್ಚು ಕುಸಿದು ಸ್ನಾಯುವಿನ ಪಾಲು ಏರಿತು.

ಇಷ್ಟೆಲ್ಲ ತೂಗಿ ಬರೆದರೂ ಏನೂ ಕದಲದಿದ್ದರೆ ಆ ಪುಸ್ತಕ ಹಿಡಿದು ವೈದ್ಯರ ಹತ್ತಿರ ಹೋಗಿ. ಥೈರಾಯ್ಡ್ ಪರೀಕ್ಷೆ ಮಾಡಿಸುವುದು ಸರಿ, ಆದರೆ ಅದರ ಕೊರತೆಯಿಂದ ಏರುವ ತೂಕ ಸಾಮಾನ್ಯವಾಗಿ 2ರಿಂದ 5 ಕೆಜಿ, ಅದರಲ್ಲೂ ಹೆಚ್ಚಿನದು ಉಪ್ಪು-ನೀರು. 25 ಕೆಜಿಯ ಹೊರೆಯನ್ನು ಅದರ ತಲೆಗೆ ಕಟ್ಟುವಂತಿಲ್ಲ. ಮುಟ್ಟು ಏರುಪೇರಾಗಿ ಮುಖದ ಮೇಲೆ ಕೂದಲು ಬೆಳೆಯುತ್ತಿದ್ದರೆ ಪಿಸಿಓಎಸ್ (ಅಂಡಾಶಯಕ್ಕೆ ಸಂಬಂಧಿಸಿದ ಹಾರ್ಮೋನ್ ಏರುಪೇರು) ಬಗ್ಗೆ ಕೇಳಿ. ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆಗಳು, ಸುಮ್ಮನೆ ತಗುಲಿದರೂ ಕಂದುವ ಚರ್ಮ, ಕೂತಲ್ಲಿಂದ ಏಳಲಾಗದಷ್ಟು ತೊಡೆಗಳ ನಿಶ್ಶಕ್ತಿ, ಇವು ದೇಹದಲ್ಲಿ ಕಾರ್ಟಿಸಾಲ್ ಹಾರ್ಮೋನ್ ಅತಿಯಾಗುವ ಅಪರೂಪದ ಕುಶಿಂಗ್ ಕಾಯಿಲೆಯ ಗುರುತುಗಳು.

ಕಾಯಿಲೆಗಿಂತ ಹೆಚ್ಚಾಗಿ ಸಿಗುವ ಕಾರಣ ಔಷಧಿ. ಪ್ರೆಡ್ನಿಸೊಲೋನ್‌ನಂಥ ಸ್ಟೀರಾಯ್ಡ್, ಒಲಾಂಜಪಿನ್, ಮಿರ್ಟಾಜಪಿನ್, ಅಮಿಟ್ರಿಪ್ಟಿಲಿನ್, ವಾಲ್ಪ್ರೊಯೇಟ್, ಇನ್ಸುಲಿನ್, ಗ್ಲಿಮೆಪಿರೈಡ್, ಇವೆಲ್ಲ ತೂಕ ಏರಿಸಬಲ್ಲವು. ತೂಕ ಏರತೊಡಗಿದ ತಿಂಗಳಿಗೂ ಹೊಸ ಮಾತ್ರೆ ಶುರುವಾದ ತಿಂಗಳಿಗೂ ತಾಳೆ ನೋಡಿ, ವೈದ್ಯರಿಗೆ ತೋರಿಸಿ. ಬೇರೆ ಔಷಧಿಗೆ ಬದಲಾಯಿಸಲು ಬಹಳ ಸಲ ಆಗುತ್ತದೆ. ನೀವಾಗಿಯೇ ನಿಲ್ಲಿಸಬೇಡಿ, ಸ್ಟೀರಾಯ್ಡ್ ದಿಢೀರನೆ ಬಿಟ್ಟರೆ ಪ್ರಾಣಕ್ಕೇ ಅಪಾಯವಾಗಬಹುದು. ಎರಡು-ಮೂರು ದಿನದಲ್ಲಿ ಎರಡು ಕೆಜಿ ಏರಿ, ಪಾದ ಊದಿಕೊಂಡು, ಮಲಗಿದರೆ ಉಸಿರು ಕಟ್ಟುವಂತಿದ್ದರೆ ಅದು ಕೊಬ್ಬಿನ ವಿಷಯವೇ ಅಲ್ಲ. ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದ ನೀರು ನಿಂತಿರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಿ.