ಸಿಬಿ ರೇಡಿಯೋದಲ್ಲಿ ಎಫ್‌ಎಂ: ನಮ್ಮ ಎರಡು ಕಾರು, ಒಂದು ಮನೆ

ಅಮೆರಿಕದ ಅರಿಜೋನಾದಲ್ಲಿ ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಹೋಗುವ ಐ-17 ಹೆದ್ದಾರಿಯಲ್ಲಿ ಓಡಾಡಿದವರಿಗೆ ಇದು ಗೊತ್ತಿರುತ್ತದೆ. ಕಳ್ಳಿಗಿಡಗಳ ಬಿಸಿಲಿನಲ್ಲಿ ಹೊರಟವರು ಎರಡೂಚಿಲ್ಲರೆ ಗಂಟೆಯಲ್ಲಿ 2,100 ಮೀಟರ್ ಎತ್ತರದಲ್ಲಿ ಪೈನ್ ಮರಗಳ ನಡುವೆ ಇರುತ್ತೇವೆ. ಚಳಿಗಾಲವಾದರೆ ಹಿಮದಲ್ಲಿ. ನಡುವಿನ ಏರಿನಲ್ಲಿ ಮೊಬೈಲ್ ಸಿಗ್ನಲ್ ಬರುತ್ತೆ, ಹೋಗುತ್ತೆ. ಒಂದು ಸಲ ಎರಡು ಕಾರಿನಲ್ಲಿ ಹೋದಾಗ ನಾನು ಯಾವ ಎಕ್ಸಿಟ್ ತಗೊಂಡೆ ಅಂತ ಹಿಂದೆ ಬರುತ್ತಿದ್ದ ನನ್ನ ಹೆಂಡತಿಗೆ ಗೊತ್ತಾಗದೆ, ಮಕ್ಕಳನ್ನು ಕೂರಿಸಿಕೊಂಡು ನಲವತ್ತು ನಿಮಿಷ ಒಬ್ಬರನ್ನೊಬ್ಬರು ಹುಡುಕಿದ್ದೇವೆ. ಅದಾದ ಮೇಲೆ ಎರಡೂ ಕಾರಿಗೆ ಸಿಬಿ ಹಾಕಿದೆ.

ಸಿಬಿ ಅಂದರೆ ಸಿಟಿಜನ್ಸ್ ಬ್ಯಾಂಡ್, ಸಾಮಾನ್ಯ ಜನ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ರೇಡಿಯೋ. 27 ಮೆಗಾಹರ್ಟ್ಸ್ ಆಸುಪಾಸಿನಲ್ಲಿ 40 ಚಾನಲ್, 4 ವಾಟ್ ಶಕ್ತಿ. ಅಮೆರಿಕದಲ್ಲಿ ಇದಕ್ಕೆ ಲೈಸೆನ್ಸ್ ಬೇಡ, ತಿಂಗಳ ಬಿಲ್ ಇಲ್ಲ, ಮಧ್ಯೆ ಯಾವ ಟವರೂ ಇಲ್ಲ. ನನ್ನ ಸೆಟ್‌ನಿಂದ ಹೊರಟ ಮಾತು ನೇರವಾಗಿ ನಿಮ್ಮ ಸೆಟ್‌ಗೆ. 1973ರ ತೈಲ ಬಿಕ್ಕಟ್ಟಿನ ಕಾಲದಲ್ಲಿ ಡೀಸೆಲ್ ಎಲ್ಲಿ ಸಿಗುತ್ತಿದೆ ಅಂತ ಟ್ರಕ್ ಡ್ರೈವರ್‌ಗಳು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದದ್ದು ಇದರಲ್ಲೇ. ಈಗಲೂ 19ನೇ ಚಾನಲ್ ಅವರದ್ದು.

ಮೊದಲು ಹಾಕಿದ ಸೆಟ್‌ಗಳು ಬರೀ ಎಎಂ, ಅಂದರೆ ಮಾತು ಕಳಿಸುವ ಹಳೆಯ ವಿಧಾನದವು. ಬೆಟ್ಟ ಹತ್ತುವಾಗ ಎಂಜಿನ್ ವೇಗ ಏರಿದ ಹಾಗೆ ಕೇಳಿಸುವ ಕುಂಯ್ ಅನ್ನೋ ಸದ್ದೂ ಏರುತ್ತಿತ್ತು. ಅದರ ಮೇಲೆ ಕರಕರ. ಅದರ ಮೇಲೆ ಎಲ್ಲೋ ಸಾವಿರ ಮೈಲಿ ಆಚೆಯವರ ಮಾತು, ಆಕಾಶದ ಪದರಕ್ಕೆ ಬಡಿದು ವಾಪಸ್ ಬಂದದ್ದು. "ರೀ, ನೀವೇನು ಹೇಳ್ತಿದ್ದೀರಿ ಒಂದಕ್ಷರ ಗೊತ್ತಾಗ್ತಿಲ್ಲ" ಅಂತ ಅವಳು ರೇಡಿಯೋ ಆಫ್ ಮಾಡಿಬಿಡುತ್ತಿದ್ದಳು. ಸುಮ್ನೆ ಅಲ್ಲ, ನಿಜವಾಗಲೂ ತಲೆನೋವು ಬರುವಂಥ ಗಲಾಟೆ ಅದು.

ಇಲ್ಲಿ ರೇಡಿಯೋ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿ 2021ರಲ್ಲಿ ಸಿಬಿಗೆ ಎಫ್‌ಎಂ ಬಳಸಲು ಒಪ್ಪಿಗೆ ಕೊಟ್ಟಿತು. ಸಿಬಿ ಸೆಟ್ ಮಾಡುವ ಕೋಬ್ರಾ ಕಂಪನಿ ಇದನ್ನು ಕೇಳಿಕೊಂಡಿತ್ತು. ಬ್ರಿಟನ್‌ನಲ್ಲಿ ಕಥೆ ಪೂರ್ತಿ ಉಲ್ಟಾ: 1981ರಲ್ಲಿ ಅಲ್ಲಿ ಸಿಬಿಗೆ ಅನುಮತಿ ಸಿಕ್ಕಾಗಲೇ ಎಫ್‌ಎಂ ಇತ್ತು, ಎಎಂಗೆ ಅವರು 2014ರವರೆಗೆ ಕಾದರು. ನಾನು ಎರಡೂ ಇರುವ ಹೊಸ ಸೆಟ್ ಮೂರು ತಗೊಂಡೆ. ಕಾರಿಗೆ ಎರಡು, ಮನೆಗೆ ಒಂದು.

ಎಫ್‌ಎಂ ಅಂದ ತಕ್ಷಣ ಹಾಡು ಬರುವ ಸ್ಟೇಷನ್ ಅಂದ್ಕೋಬೇಡಿ. ಅದು 88ರಿಂದ 108 ಮೆಗಾಹರ್ಟ್ಸ್, ಬೇರೆಯೇ ಜಾಗ. ಇಲ್ಲಿ ಎಫ್‌ಎಂ ಅಂದರೆ ಮಾತನ್ನು ಅಲೆಯ ಮೇಲೆ ಕೂರಿಸುವ ವಿಧಾನ ಅಷ್ಟೆ. ಊರಲ್ಲಿ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿ ಕೇಳುವಾಗ ಅಮ್ಮ ಮಿಕ್ಸಿ ಹಾಕಿದರೆ, ಯಾರೋ ಟ್ಯೂಬ್‌ಲೈಟ್ ಹಚ್ಚಿದರೆ ರೇಡಿಯೋ ಕರಕರ ಅನ್ನುತ್ತಿತ್ತು ಅಲ್ವಾ? ಅದು ಎಎಂ. ಮಾತು ಅಲೆಯ ಎತ್ತರದಲ್ಲಿ ಇರುತ್ತದೆ, ಕಿಡಿ ಮಿಂಚುಗಳೂ ಆ ಎತ್ತರವನ್ನೇ ಕುಲುಕುತ್ತವೆ, ಯಾವುದು ಮಾತು ಯಾವುದು ಕಿಡಿ ಅಂತ ಸೆಟ್‌ಗೆ ಗೊತ್ತಾಗುವುದಿಲ್ಲ. ಎಫ್‌ಎಂನಲ್ಲಿ ಎತ್ತರ ಬದಲಾಗುವುದಿಲ್ಲ, ಅಲೆ ಎಷ್ಟು ಬೇಗ ಬೇಗ ಏಳುತ್ತದೆ ಅನ್ನುವುದರಲ್ಲಿ ಮಾತು ಇರುತ್ತದೆ, ಹಾಗಾಗಿ ರಿಸೀವರ್ ಎತ್ತರದ ಏರುಪೇರನ್ನೆಲ್ಲ ಸವರಿ ಹಾಕಿ ಉಳಿದದ್ದನ್ನು ಕೇಳಿಸುತ್ತದೆ. ಇನ್ನೊಂದು ಲಾಭ ನನಗೆ ಇದಕ್ಕಿಂತ ದೊಡ್ಡದು. ಒಂದೇ ಚಾನಲ್‌ನಲ್ಲಿ ಇಬ್ಬರು ಮಾತಾಡಿದರೆ ಎಎಂನಲ್ಲಿ ಎರಡೂ ಸೇರಿ ಶಿಳ್ಳೆ ಹೊಡೆಯುತ್ತವೆ. ಎಫ್‌ಎಂನಲ್ಲಿ ಜೋರಾಗಿ ಬಂದ ಸಿಗ್ನಲ್ ಇನ್ನೊಂದನ್ನು ಅದುಮಿಬಿಡುತ್ತದೆ. ಹತ್ತಿರದಲ್ಲಿರುವ ನಮ್ಮವರ ಮಾತು ಉಳಿಯುತ್ತದೆ, ದೂರದ ಗಲಾಟೆ ಹೋಗುತ್ತದೆ.

ಆದರೆ ದೂರ ಜಾಸ್ತಿ ಸಿಗುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಿಗ್ನಲ್ ಸಣ್ಣಗಾದಾಗ ಎಎಂನಲ್ಲಿ ಕಿವಿಗೊಟ್ಟು ಕೇಳಿದರೆ ಮಾತು ಅಷ್ಟೋ ಇಷ್ಟೋ ಹಿಡಿಯಬಹುದು. ಎಫ್‌ಎಂ ಒಂದು ಹಂತದವರೆಗೆ ಚೆನ್ನಾಗಿದ್ದು, ಆಮೇಲೆ ದಿಢೀರ್ ಅಂತ ಬರೀ ಸುಯ್ ಅನ್ನುತ್ತದೆ. ದೂರ ಬೇಕಿದ್ದರೆ ಎಸ್‌ಎಸ್‌ಬಿ ಅನ್ನೋ ಮೂರನೇ ವಿಧಾನ ಇದೆ, ಅದರಲ್ಲಿ 12 ವಾಟ್‌ವರೆಗೂ ಬಿಡುತ್ತಾರೆ.

ಇದಕ್ಕಿಂತ ಮುಖ್ಯವಾದ ಮಾತು: 19ನೇ ಚಾನಲ್‌ನಲ್ಲಿ ಎಎಂನಲ್ಲೇ ಇರಿ. ಟ್ರಕ್‌ನವರ ಹತ್ತಿರ ಇರುವ ಸೆಟ್‌ಗಳಲ್ಲಿ ಬಹಳಷ್ಟು ಹಳೆಯವು, ಅವಕ್ಕೆ ನಿಮ್ಮ ಎಫ್‌ಎಂ ಮಾತು ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಾತಾಡಿದ ಹಾಗೆ ಕೇಳುತ್ತದೆ. ಹೋದ ವರ್ಷ ಮುಂದೆ ಅಪಘಾತ ಆಗಿ ರಸ್ತೆ ನಿಂತಾಗ ನಾನು ಅವಸರದಲ್ಲಿ ಎಫ್‌ಎಂನಲ್ಲೇ ಕೂಗುತ್ತಿದ್ದೆ, ಒಬ್ಬರೂ ಉತ್ತರ ಕೊಡಲಿಲ್ಲ. ಎಎಂಗೆ ಬದಲಾಯಿಸಿದ ಮೇಲೆ ಒಬ್ಬರು ಎಡ ಲೇನ್ ಬಿಡಿ, ಮುಂದಿನ ಎಕ್ಸಿಟ್‌ನಲ್ಲಿ ಇಳಿದುಬಿಡಿ ಅಂದರು. ಆ ರಸ್ತೆಯಲ್ಲಿ ನನ್ನ ಮಕ್ಕಳ ಜೊತೆ ನಾನು ಇರುವಾಗ ಆ ಅಪರಿಚಿತರ ದನಿ ನನಗೆ ಬೇಕು. ಗೊತ್ತಿಲ್ಲದವರ ಜೊತೆ ಎಎಂ, ನಮ್ಮವರ ಜೊತೆ ಎಫ್‌ಎಂ, ನಾನು ಇಟ್ಟುಕೊಂಡ ಲೆಕ್ಕ ಇದು. ಎಫ್‌ಎಂಗೆ ಅಂತಲೇ ಎಫ್‌ಸಿಸಿ ಯಾವ ಚಾನಲ್ಲನ್ನೂ ಮೀಸಲಿಟ್ಟಿಲ್ಲ, ಹಾಗಾಗಿ ಹೊರಡುವ ಮೊದಲೇ ಖಾಲಿ ಇರುವ ಒಂದನ್ನು ಮಾತಾಡಿಕೊಂಡಿರಬೇಕು. 9ನೇದನ್ನು ಮುಟ್ಟಬೇಡಿ, ಅದು ತುರ್ತು ಕರೆಗೆ.

ಮನೆಯ ವಿಷಯ. ಅಪ್ಪ ಶಿವಮೊಗ್ಗದಿಂದ ಆರು ತಿಂಗಳಿಗೆ ಬಂದಿದ್ದರು. ಸ್ಮಾರ್ಟ್‌ಫೋನ್ ಅವರಿಗೆ ಒಗ್ಗಲಿಲ್ಲ, ಬೆರಳು ಎಲ್ಲೋ ತಾಗಿ ಇನ್ನೆಲ್ಲೋ ಹೋಗುತ್ತೆ ಅಂತ ಬೇಜಾರು. ಹಗಲೆಲ್ಲ ಒಬ್ಬರೇ. ಸೆಟ್ ಅನ್ನು ಅವರ ಕುರ್ಚಿ ಪಕ್ಕ ಇಟ್ಟು, ಇದನ್ನ ಒತ್ತಿ ಮಾತಾಡಿ, ಬಿಟ್ಟು ಕೇಳಿ, ಅಷ್ಟೇ ಅಂದೆ. ಎಎಂನಲ್ಲಿ ಎರಡು ದಿನಕ್ಕೆ ಸುಸ್ತಾದರು. ಎಲ್‌ಇಡಿ ಬಲ್ಬು, ಚಾರ್ಜರ್, ಸೋಲಾರ್ ಇನ್ವರ್ಟರ್, ಮನೆಯೊಳಗೆ ಸದ್ದು ಮಾಡುವವು ಕಾರಿಗಿಂತ ಜಾಸ್ತಿ. ಎಫ್‌ಎಂಗೆ ಹಾಕಿ, ಸಿಗ್ನಲ್ ಇಲ್ಲದಾಗ ಸದ್ದು ಅಡಗಿಸುವ ಸ್ಕ್ವೆಲ್ಚ್ ಗುಂಡಿ ಸ್ವಲ್ಪ ತಿರುಗಿಸಿದ ಮೇಲೆ ಸೆಟ್ ಇಡೀ ದಿನ ಸುಮ್ಮನಿರುತ್ತಿತ್ತು, ನನ್ನ ದನಿ ಬಂದಾಗ ಮಾತ್ರ ಬಾಯಿ ಬಿಡುತ್ತಿತ್ತು. ಮನೆಗೆ ಹತ್ತು ಕಿಲೋಮೀಟರ್ ಇರುವಾಗ "ಅಪ್ಪಾ, ಬರ್ತಾ ಇದ್ದೀನಿ" ಅಂದರೆ "ಎಲ್ಲಿದ್ದೀಯೋ? ಕಾಫಿಗೆ ನೀರಿಡ್ಲಾ?" ಅಂತ ಅವರು. ಕನ್ನಡದಲ್ಲಿ ಮಾತಾಡಬಹುದಾ ಅಂತ ಮೊದಲ ದಿನ ಹೆದರಿ ಕೇಳಿದ್ದರು. ಧಾರಾಳವಾಗಿ ಮಾತಾಡಬಹುದು. ಬೇರೆ ದೇಶದ ಸರ್ಕಾರದ ಪ್ರತಿನಿಧಿ ಆಗಿರಬಾರದು ಅಂತ ನಿಯಮ ಇದೆಯೇ ಹೊರತು ನೋಡಲು ಬಂದ ಅಪ್ಪಂದಿರಿಗೆ ಅಡ್ಡಿ ಇಲ್ಲ.

ಆಂಟೆನಾ ಸರಿ ಇಲ್ಲದಿದ್ದರೆ ಇದ್ಯಾವುದೂ ಆಗುವುದಿಲ್ಲ. ಈ ಅಲೆಯ ಕಾಲು ಭಾಗವೇ 2.75 ಮೀಟರ್, ಅದಕ್ಕೆ ಗಿಡ್ಡ ಆಂಟೆನಾಗಳೆಲ್ಲ ಒಂದು ರಾಜಿ. ಆಂಟೆನಾ ಸೆಟ್‌ಗೆ ಎಷ್ಟು ಹೊಂದುತ್ತದೆ ಅಂತ ತೋರಿಸುವ ಎಸ್‌ಡಬ್ಲ್ಯುಆರ್ ಮೀಟರ್ ಇಟ್ಟು ಅದನ್ನು 1.5ರ ಒಳಗೆ ತನ್ನಿ. ಎಫ್‌ಎಂನಲ್ಲಿ ಒತ್ತಿದಷ್ಟು ಹೊತ್ತೂ ಸೆಟ್ ಪೂರ್ತಿ ಶಕ್ತಿಯಲ್ಲೇ ಇರುತ್ತದೆ, ಉದ್ದ ಮಾತಾಡಿದರೆ ಬಿಸಿಯಾಗುತ್ತದೆ. ಪವರ್ ವೈರ್ ನೇರ ಬ್ಯಾಟರಿಯಿಂದ ಎಳೆಯಿರಿ.

ಊರಿಗೆ ಒಂದು ತರ್ತೀಯಾ ಅಂತ ತಮ್ಮ ಕೇಳಿದ. ಇಲ್ಲ ಅಂದೆ. ಭಾರತದಲ್ಲಿ ಸಿಬಿಗೆ 2005ರಿಂದ ಲೈಸೆನ್ಸ್ ಬೇಡ ನಿಜ, ಆದರೆ ಅಲ್ಲಿ ಬಿಟ್ಟಿರುವುದು 26.957ರಿಂದ 27.283 ಮೆಗಾಹರ್ಟ್ಸ್. ಇಲ್ಲಿನ ಸೆಟ್‌ನ 28ರಿಂದ 40ರವರೆಗಿನ ಚಾನಲ್‌ಗಳೆಲ್ಲವೂ ಅದರ ಹೊರಗೆ ಬೀಳುತ್ತವೆ.

ಅಪ್ಪ ಈಗ ಶಿವಮೊಗ್ಗದಲ್ಲಿದ್ದಾರೆ. ಮನೆಯ ಸೆಟ್ ಅದೇ ಕುರ್ಚಿ ಪಕ್ಕ ಇದೆ, ಅವರು ಬಿಟ್ಟುಹೋದ ಚಾನಲ್‌ನಲ್ಲೇ. ಈಗ ಮಗಳು ಸ್ಕೂಲಿಂದ ಬಂದು ಅಲ್ಲಿ ಕೂರುತ್ತಾಳೆ.